ರಸ್ತೆಯಿಂದ ತೆಗೆದ ಫೋಟೋ, ಒಳಗಿನ ಬೀಗ: ಕೆನಡಾದ ಸಸ್ಕಾಚೆವಾನ್ ಬಯಲಿನಲ್ಲಿ ನನ್ನ ಅನುಭವ

ಹಳ್ಳಿಗಳಲ್ಲಿ ಖಾಲಿ ಬಿದ್ದ ಹಳೇ ಕಟ್ಟಡಗಳ ಒಳಗೆ ಹೋಗಿ ಫೋಟೋ ತೆಗೆಯುತ್ತೇನೆ ಅಂದಾಗ ಸಸ್ಕಾಟೂನ್‌ನ ನಮ್ಮ ಫೋಟೋ ಬಳಗದಲ್ಲಿ ಎಲ್ಲರದ್ದೂ ಒಂದೇ ರಾಗವಾಗಿತ್ತು. "ಹಳ್ಳಿ ಮಂದಿ ನಿನಗೆ ಬೀಗ ತೆಗೆದು ಕೊಡ್ತಾರಾ? 2022ರಲ್ಲಿ ಟ್ರೆಸ್‌ಪಾಸ್ (ಅತಿಕ್ರಮ ಪ್ರವೇಶ) ಕಾಯ್ದೆ ಬಿಗಿಯಾದಮೇಲೆ ಆ ಆಸೆ ಬಿಡು, ಸುಮ್ಮನೆ ಡ್ರೋನ್ ಹಾರಿಸು." ಈಗ ಎರಡು ಧಾನ್ಯದ ಎಲಿವೇಟರ್ (ರೈಲು ಹಳಿಯ ಪಕ್ಕದ ಎತ್ತರದ ಮರದ ಕಣಜ), ಒಂದು ಶಾಲೆ, ಗುಮ್ಮಟದ ಒಂದು ಉಕ್ರೇನಿಯನ್ ಚರ್ಚು, ಇಷ್ಟನ್ನೂ ಮಾಲೀಕರ ಒಪ್ಪಿಗೆ ಪಡೆದೇ ಒಳಗಿಂದ ತೆಗೆದಿದ್ದೇನೆ. ಹಾಗೆ ಹೇಳಿದವರಲ್ಲಿ ಇಬ್ಬರು ಕಳೆದ ತಿಂಗಳು ಫೋನ್ ಮಾಡಿ, "ಮುಂದಿನ ಸಲ ನಮ್ಮನ್ನೂ ಕರಿ" ಅಂದರು.

ಊರಿನ ಹೆಸರು ಮಾತ್ರ ಕೇಳಬೇಡಿ. ಹಳೇ ಹಲಗೆಗೆ ಈಗ ಬಂಗಾರದ ಬೆಲೆ. ನಗರದ ಕೆಫೆಗಳ ಗೋಡೆಗೆ ಬಡಿಯಲು ರಾತ್ರೋರಾತ್ರಿ ಕಿತ್ತು ಒಯ್ಯುವವರಿದ್ದಾರೆ. ಸ್ವಿಫ್ಟ್ ಕರೆಂಟ್‌ನಿಂದ ದಕ್ಷಿಣಕ್ಕೆ ಅಂದರೆ ಸಾಕು.

ಮೊದಲ ಚಳಿಗಾಲವೆಲ್ಲ ಕಾಗದದ ಮೇಲೆಯೇ ಕಳೆಯಿತು. ರೂರಲ್ ಮುನಿಸಿಪಾಲಿಟಿಯ ನಕಾಶೆಯಲ್ಲಿ ಯಾವ ಸೆಕ್ಷನ್ (ಒಂದು ಚದರ ಮೈಲಿಯ ಜಮೀನು) ಯಾರದ್ದು ಅಂತ ಹೆಸರು ಇರುತ್ತದಲ್ಲ, ಅದನ್ನು ಹಿಡಿದು ಪತ್ರ ಬರೆದೆ. ಒಳಗೆ ಅಂಚೆಚೀಟಿ ಹಚ್ಚಿದ ಮರುಲಕೋಟೆಯನ್ನೂ ಇಟ್ಟಿದ್ದೆ. ಒಂದಕ್ಕೂ ಉತ್ತರವಿಲ್ಲ. ಫೋನ್ ಮಾಡಿದರೆ ಏನೋ ಮಾರಲು ಬಂದವನು ಅಂತ ಇಟ್ಟುಬಿಡುತ್ತಿದ್ದರು. ಗೆಳೆಯರ ಮಾತಿಗೆ ಡ್ರೋನನ್ನೂ ಒಯ್ದೆ. ಮೈನಸ್ ಇಪ್ಪತ್ತರಲ್ಲಿ ಬ್ಯಾಟರಿ ಆರೇಳು ನಿಮಿಷ ಬಾಳಿತು, ಸಿಕ್ಕಿದ್ದು ಚಾವಣಿಗಳ ಚಿತ್ರ. ಚಾವಣಿ ಯಾರಿಗೆ ಬೇಕು? ಏಪ್ರಿಲ್‌ನಲ್ಲಿ ಗಂಬೋ ಅನ್ನುವ ಅಂಟು ಜೇಡಿಮಣ್ಣಿನಲ್ಲಿ ಕಾರು ಹೂತು, ಎಳೆದು ತೆಗೆದವನು 350 ಡಾಲರ್ ಇಸಿದುಕೊಂಡ. ಜಲ್ಲಿ ಸಿಡಿದು ಮುಂದಿನ ಗಾಜು ಎರಡು ಸಲ ಬಿರುಕು ಬಿಟ್ಟಿತು, ಸಲಕ್ಕೆ 400ರ ಹತ್ತಿರ. ಎರಡನೆಯದನ್ನು ಬದಲಿಸಲೇ ಇಲ್ಲ, ಬಿರುಕು ಹಾಗೇ ಇದೆ.

ಕೊನೆಗೆ ಕೈಹಿಡಿದದ್ದು ಇದು. ಸಾರ್ವಜನಿಕ ರಸ್ತೆಯಲ್ಲೇ ನಿಂತು ಕಟ್ಟಡದ ಒಂದು ಒಳ್ಳೆ ಫೋಟೋ ತೆಗೆದು, ದೊಡ್ಡದಾಗಿ ಮ್ಯಾಟ್ ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಊರಿನ ಕಾಫಿ ಮೇಜಿಗೆ ಹೋದೆ. ಕಾಫಿ ರೋ, ಅಂದರೆ ಊರಿನವರ ಬೆಳಗಿನ ಕಾಫಿ ಕೂಟ, ಎಲ್ಲಿ ಕೂಡುತ್ತದೆ ಅಂತ ಕೇಳಿದರೆ: ಕೋಆಪ್ (ಸಹಕಾರಿ) ಅಂಗಡಿ, ಇಲ್ಲವೇ ಐಸ್ ರಿಂಕಿನ ಅಡುಗೆಮನೆ. ಒಪ್ಪಿಗೆಯ ಮಾತೇ ಎತ್ತಲಿಲ್ಲ. "ಇದನ್ನು ಕಟ್ಟಿದ್ದು ಯಾರು?" ಅಂತ ಮಾತ್ರ ಕೇಳಿ, ಪ್ರಿಂಟನ್ನು ಅಲ್ಲೇ ಬಿಟ್ಟು ಬಂದೆ. ಮುಂದಿನ ಸಲ ಹೋದಾಗ ಒಬ್ಬ ಮುದುಕ ತನ್ನ ಆಲ್ಬಂ ತಂದಿಟ್ಟುಕೊಂಡು ಕಾಯುತ್ತಿದ್ದ. ಒಂದು ಪ್ರಿಂಟಿಗೆ ಹದಿನೆಂಟು ಡಾಲರ್ ಆಸುಪಾಸು. ಪತ್ರ, ಪೆಟ್ರೋಲು, ಡ್ರೋನು ಎಲ್ಲ ಸೇರಿ ಮಾಡದ್ದನ್ನು ಅದು ಮಾಡಿತು. ಕುಸಿದ ಮಗ್ಗುಲನ್ನು ಎಂದೂ ಪ್ರಿಂಟ್ ಮಾಡಬೇಡಿ, ನೆಟ್ಟಗಿರುವ ಮಗ್ಗುಲನ್ನೇ ತೋರಿಸಿ. ಹಿಂಬದಿಯಲ್ಲಿ ನಾನು ಏನು ಬರೆಯುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಬಿತ್ತನೆ, ಕೊಯ್ಲಿನ ವಾರಗಳಲ್ಲಿ ಯಾರನ್ನೂ ಏನನ್ನೂ ಕೇಳಬಾರದು. ನನಗೆ ಒಗ್ಗಿದ್ದು ಹಿಮ ಕರಗಿ ಹುಲ್ಲು ಏಳುವ ಮುಂಚಿನ ಎರಡು ಮೂರು ವಾರ. ಹುಲ್ಲು ನೆಲಕ್ಕೆ ಅಂಟಿರುತ್ತದೆ, ಹಳೇ ನೆಲಮಾಳಿಗೆಯ ತಗ್ಗು, ನೀರಿನ ತೊಟ್ಟಿಯ ಬಾಯಿ ಎಲ್ಲ ಕಣ್ಣಿಗೆ ಕಾಣುತ್ತದೆ. ಬಯಲಿನ ನಡುವೆ ಕ್ಯಾರಗಾನ ಗಿಡ ಸಾಲಾಗಿ ನಿಂತಿದ್ದರೆ ಅಲ್ಲೊಂದು ಮನೆ ಇತ್ತು ಅಂತಲೇ ತಿಳಿಯಿರಿ. ಇಂಡಿಯನ್ ಹೆಡ್‌ನ ಸರ್ಕಾರಿ ನರ್ಸರಿಯಿಂದ ಗಾಳಿ ತಡೆಯಲು ತಂದು ನೆಟ್ಟವು ಅವು. ಮನೆ ಹೋದರೂ ಗಿಡ ಹೋಗಿಲ್ಲ.

ಎಲಿವೇಟರಿನ ಒಳಗಿನ ಕತೆಯೇ ಬೇರೆ. ಹೊರಗಿನ ತಗಡು ನೋಡಿ ಮೋಸ ಹೋಗಬೇಡಿ. ಒಳಗೆ ಹಲಗೆಗಳನ್ನು ಅಡ್ಡ ಮಲಗಿಸಿ, ಒಂದರ ಮೇಲೊಂದು ಮೊಳೆ ಹೊಡೆದು ಎಪ್ಪತ್ತು ಎಂಬತ್ತು ಅಡಿ ಎಬ್ಬಿಸಿದ್ದಾರೆ. ಗೋಧಿಯ ಒತ್ತಡ ತಡೆಯಲು ಅಷ್ಟು ದಪ್ಪ ಬೇಕು. ಕೆಳಗೆ ಅಗಲ ಹಲಗೆ, ಮೇಲೆ ಹೋದಂತೆ ಕಿರಿದು. ಕಾಳು ತುಂಬುವ ಬಿನ್ನಿನ ಒಳಮೈ ಸವರಿ ನೋಡಿದೆ: ದಶಕಗಟ್ಟಲೆ ಕಾಳು ಜಾರಿ ಮರ ನುಣುಪಾಗಿದೆ, ಗಂಟುಗಳು ಮಾತ್ರ ಸವೆಯದೆ ಉಬ್ಬಿಕೊಂಡಿವೆ. ಕಾಳನ್ನು ಮೇಲೆತ್ತುವ ಲೆಗ್ಗಿನ ಬೆಲ್ಟಿನಲ್ಲಿ ತಗಡಿನ ಬಟ್ಟಲುಗಳು ಇನ್ನೂ ನೇತಾಡುತ್ತಿವೆ. ಎಲಿವೇಟರ್ ನಡೆಸುತ್ತಿದ್ದ ಏಜೆಂಟ್ ಮೇಲೇರುತ್ತಿದ್ದ, ಒಬ್ಬರೇ ನಿಲ್ಲುವ ಮ್ಯಾನ್‌ಲಿಫ್ಟೂ ಇದೆ. ಅದಕ್ಕೆ ಕಾಲಿಡಬೇಡಿ, ಅದರ ಎದುರುತೂಕ ಆ ಏಜೆಂಟನ ಮೈತೂಕಕ್ಕೆ ಹೊಂದಿಸಿದ್ದು. ನಾನು ಹಗ್ಗಕ್ಕೆ ಆಕ್ಷನ್ ಕ್ಯಾಮೆರಾ ಕಟ್ಟಿ ಎಳೆದೆ. ಪಾರಿವಾಳಗಳ ರೆಕ್ಕೆ ಬಿಟ್ಟರೆ ಏನೂ ಬರಲಿಲ್ಲ.

ಲಾರಿ ಕಾಳು ಸುರಿಯುತ್ತಿದ್ದ ನೆಲದ ಕೆಳಗಿನ ಪಿಟ್ಟಿಗೆ ಇಳಿಯಬೇಡಿ. ನಮ್ಮ ಗದಗಿನ ಕಡೆ ಜೋಳದ ಹಗೇವು (ಕಾಳು ಹುಗಿದಿಡುವ ನೆಲಗುಂಡಿ) ತೆರೆದರೆ ಗಾಳಿ ಆಡುವವರೆಗೂ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ, ಇಲ್ಲೂ ಅದೇ ಲೆಕ್ಕ. ಇಲಿಹಿಕ್ಕೆ ಕಂಡಲ್ಲಿ ಗುಡಿಸಬಾರದು. ಶ್ವಾಸಕೋಶಕ್ಕೆ ಬಡಿಯುವ ಹಾಂಟಾವೈರಸ್ ಆ ಧೂಳಿನಲ್ಲೇ ಬರುತ್ತದೆ. ಬ್ಲೀಚ್ ನೀರು ಚಿಮುಕಿಸಿ, ಸಣ್ಣ ಧೂಳನ್ನೂ ಸೋಸುವ ಪಿ100 ಮಾಸ್ಕ್ ಹಾಕಿಕೊಂಡು ಹೋಗಿ. ಮಾಸ್ಕಿಗೆ ಐವತ್ತು ಡಾಲರ್ ಕೊಟ್ಟೆ, ಅದಕ್ಕೆ ಬೇಸರವಿಲ್ಲ.

ಏಜೆಂಟನ ಕಚೇರಿಯ ಗೋಡೆ ತುಂಬ ಪೆನ್ಸಿಲ್ ಬರಹ: ತೂಕ, ಮಳೆ, ಮೊದಲ ಹಿಮ ಬಿದ್ದ ದಿನ. ನೀರಿನ ಕಲೆಯಲ್ಲಿ ಅರ್ಧ ಮುಚ್ಚಿಹೋಗಿತ್ತು. ಮೂಲೆಗೆ ಬಿದ್ದಿದ್ದ ಹಳೇ ಕ್ಯಾಮೆರಾವನ್ನು ಇನ್ಫ್ರಾರೆಡ್‌ಗೆ (ಕಣ್ಣಿಗೆ ಕಾಣದ ಅವಕೆಂಪು ಬೆಳಕಿಗೆ) ಬದಲಿಸಲು ಕೊಟ್ಟೆ, 375 ಅಂತ ನೆನಪು. ಹೆಂಡತಿಯ ಮುಂದೆ ಇನ್ನೂರು ಅಂದಿದ್ದೆ. ಪೆನ್ಸಿಲ್ಲಿನ ಗ್ರಾಫೈಟ್ ಆ ಬೆಳಕಿನಲ್ಲೂ ಕಪ್ಪಗೇ ಉಳಿಯಿತು, ಕಂದು ಕಲೆ ಬಹುಮಟ್ಟಿಗೆ ಮಾಯವಾಯಿತು. ಸಾಲುಸಾಲು ಅಂಕಿ, ಹೆಸರು ಎದ್ದು ಬಂದಾಗ ಆ ಆಲ್ಬಂ ಮುದುಕ ಒಂದೊಂದೇ ಹೆಸರು ಗುರುತಿಸುತ್ತ ಹೋದ. ಯಾವ ಫಿಲ್ಟರ್ ಅಂತ ಭೇಟಿಯಾದಾಗ ಹೇಳುತ್ತೇನೆ.

ಅದೇ ಗುಂಗಿನಲ್ಲಿ ಇನ್ನೊಂದು. ಲಾರಿ ಬಾಗಿಲು ಎರಡೂ ಕಡೆ ಮುಚ್ಚಿದಾಗ ದಕ್ಷಿಣದ ಗೋಡೆಯ ಒಂದು ಮೊಳೆತೂತಿನಿಂದ ಹೊರಗಿನ ಬಯಲೆಲ್ಲ ಎದುರಿನ ಹಲಗೆಯ ಮೇಲೆ ತಲೆಕೆಳಗಾಗಿ ಬಿದ್ದಿತ್ತು. ಐಎಸ್‌ಒ (ಬೆಳಕಿನ ಸಂವೇದನೆ) 1600 ಇಟ್ಟು, ಷಟರನ್ನು ಐದಾರು ನಿಮಿಷ ತೆರೆದು ತೆಗೆದೆ. ಮಸುಕಾಗಿದೆ, ಆದರೂ ನಾನು ತೆಗೆದದ್ದರಲ್ಲಿ ನನಗೆ ಇಷ್ಟವಾದದ್ದು ಅದೇ. ಮಳೆ ನಿಂತ ತಕ್ಷಣ ಹೊರಗೋಡೆಯನ್ನೂ ನೋಡಿ: ಬಣ್ಣ ಉದುರಿದ ಹಲಗೆ ಒದ್ದೆಯಾದರೆ ಕೆಳಗಿನ ಅಕ್ಷರ ಮೇಲೆ ಬರುತ್ತದೆ. ವೀಟ್ ಪೂಲ್ (ರೈತರ ಸಹಕಾರಿ ಸಂಸ್ಥೆ) ಹೆಸರಿನಡಿ ನನಗೆ ಫೆಡರಲ್ ಅನ್ನುವುದು ಓದಲು ಸಿಕ್ಕಿತು. 1972ರಲ್ಲಿ ಫೆಡರಲ್ ಗ್ರೇನ್ ಕಂಪನಿಯ ಎಲಿವೇಟರುಗಳನ್ನು ಪೂಲ್‌ಗಳು ಕೊಂಡಮೇಲೆ ಬಳಿದ ಬಣ್ಣ ಅದು.

ಆತುರ ಯಾಕೆ ಅಂತ ಕೇಳುವವರಿಗೆ: 1930ರ ದಶಕದಲ್ಲಿ ಈ ಬಯಲಿನ ಮೂರು ಪ್ರಾಂತ್ಯಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಎಲಿವೇಟರುಗಳಿದ್ದವು, ಕುದುರೆಗಾಡಿ ಒಂದೇ ದಿನದಲ್ಲಿ ಹೋಗಿ ಬರುವಷ್ಟು ದೂರಕ್ಕೊಂದು ಊರು. 1995ರಲ್ಲಿ ರೈಲು ಸಾಗಣೆಯ ಸಹಾಯಧನ ನಿಂತಮೇಲೆ ಕವಲು ಹಳಿಗಳು ಬೇಗಬೇಗ ಎದ್ದುಹೋದವು, ದೊಡ್ಡ ಕಾಂಕ್ರೀಟ್ ಧಾನ್ಯ ಟರ್ಮಿನಲ್ ಬಂದವು. ಫ್ಲೆಮಿಂಗ್‌ನಲ್ಲಿ 1895ರ ಎಲಿವೇಟರ್ ಇತ್ತು, 2010ರಲ್ಲಿ ಸುಟ್ಟೇ ಹೋಯಿತು. ಹೊಸಬರು ಮೊದಲು ಮ್ಯಾನಿಟೋಬಾದ ಇಂಗ್ಲಿಸ್‌ಗೆ ಹೋಗಿ, ಸಾಲಾಗಿ ಐದು ಉಳಿಸಿಟ್ಟಿದ್ದಾರೆ. ಯಾವ ಭಾಗ ಏನು ಅಂತ ಅಲ್ಲಿ ಕಲಿತರೆ ಕಾಫಿ ಮೇಜಿನಲ್ಲಿ ಮರ್ಯಾದೆ ಉಳಿಯುತ್ತದೆ.

ಅಕ್ಟೋಬರ್‌ನ ಫೌಲ್ ಸಪ್ಪರ್‌ನಲ್ಲಿ (ಊರೊಟ್ಟಿನ ಟರ್ಕಿ ಕೋಳಿ ಊಟ) ಊರಿನ ಹಾಲ್‌ನಲ್ಲಿ ನನ್ನ ಪ್ರಿಂಟುಗಳನ್ನೇ ತೂಗುಹಾಕಿದ್ದರು. ನಾನು ಟರ್ಕಿ ತಿನ್ನುವವನಲ್ಲ ಅಂತ ತಿಳಿದು ಯಾರೋ ಒಂದು ತಟ್ಟೆ ಪಿರೋಗಿ (ಹೂರಣ ತುಂಬಿದ ಕಡುಬು) ಬೇರೆ ಮಾಡಿಟ್ಟಿದ್ದರು. ಅಂದಿನಿಂದ ಅವರೇ ಫೋನ್ ಮಾಡುತ್ತಾರೆ. ಖರ್ಚು ಒಟ್ಟು ನಾಲ್ಕು ಸಾವಿರ ಡಾಲರ್ ದಾಟಿರಬೇಕು, ಪ್ರಿಂಟ್ ಮಾರಿ ಬಂದದ್ದು ಏಳುನೂರರ ಹತ್ತಿರ. ಮುಂದಿನ ಏಪ್ರಿಲ್‌ಗೆ ಹಳೇ ಬ್ಯಾಂಕ್ ಕಟ್ಟಡ ಗೊತ್ತಾಗಿದೆ. ಬೀಗದ ಕೈ ಪೋಸ್ಟ್ ಆಫೀಸಿನ ಡ್ರಾಯರಿನಲ್ಲಿದೆಯಂತೆ. ಬರುವವರು ಟ್ರೈಪಾಡ್, ಮಾಸ್ಕ್ ತಮ್ಮದೇ ತನ್ನಿ, ಪೆಟ್ರೋಲು ಅರ್ಧರ್ಧ.