ದಸರಾ ರಜೆಗೆ ಮಾಂತೋನ್: ತಿಂಗಳು, ವೀಸಾ, ದುಡ್ಡು – ನನ್ನ ಅನುಭವ

ದಸರಾ ರಜೆಯಲ್ಲಿ ಫ್ರಾನ್ಸಿನ ಕಡಲತೀರಕ್ಕೆ ಹೋಗ್ತೀವಿ ಅಂದಾಗ ಬೇಡ ಅಂದವರೇ ಎಲ್ಲ. "ಅಷ್ಟೊತ್ತಿಗೆ ಅಲ್ಲಿ ಚಳಿ ಶುರುವಾಗಿರುತ್ತೆ, ನೀರಿಗೆ ಕಾಲಿಡೋಕೂ ಆಗಲ್ಲ" ಅಂತ ನಮ್ಮ ಭಾವ. "ಒಂದ್ಸಲ ವೀಸಾ ರಿಜೆಕ್ಟ್ ಆಯ್ತು ಅಂದ್ರೆ ಮುಗೀತು, ಮತ್ತೆ ಕೊಡಲ್ಲ" ಅಂತ ಆಫೀಸಿನವರು. 2025ರ ಸೆಪ್ಟೆಂಬರ್ ಕೊನೆಗೆ ಹೊರಟು, ಅಕ್ಟೋಬರ್ ಮೊದಲ ವಾರವನ್ನು ಪೂರ್ತಿ ಅಲ್ಲಿನ ಕಡಲತೀರದ ಊರಾದ ಮಾಂತೋನ್‌ನಲ್ಲಿ ಕಳೆದು ಬಂದೆವು. ಮೂವರಿಗೂ ವೀಸಾ ಬಂತು. ಮಗ ದಿನಾ ಈಜಿದ. ಖರ್ಚು ಟೂರ್ ಕಂಪನಿ ಹೇಳಿದ್ದಕ್ಕಿಂತ ಸುಮಾರು ಅರ್ಧ. ಈಗ ಅದೇ ಭಾವ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳ್ತಿದ್ದಾರೆ. ಅದಕ್ಕೇ ಬರೀತಿದ್ದೇನೆ.

ಷೆಂಗನ್ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪು) ಅರ್ಜಿ ಅಂದರೆ ಏನು, ಯಾವ ಫಾರಂ, ಯಾವ ಸೈಜಿನ ಫೋಟೊ ಅನ್ನೋದೆಲ್ಲ ನಿಮಗೆ ಗೊತ್ತಿರುತ್ತೆ. ಅದಕ್ಕೆ ಹೋಗಲ್ಲ. ನನ್ನ ಲೆಕ್ಕ ಇಷ್ಟೇ: ಊರಿನ ಹವಾಮಾನ, ನಮ್ಮ ಪಂಚಾಂಗ, ವೀಸಾ ಕೇಂದ್ರದ ನೂಕುನುಗ್ಗಲು, ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ತಾರೀಕು ಆರಿಸಬೇಕು. ಹೆಚ್ಚಿನವರು ಒಂದನ್ನು ನೋಡಿ ಟಿಕೆಟ್ ಮಾಡ್ತಾರೆ, ಉಳಿದೆರಡರಲ್ಲಿ ಸಿಕ್ಕಿಬೀಳ್ತಾರೆ.

ಮೊದಲು ಕೆಟ್ಟ ಕಥೆ ಹೇಳಿಬಿಡ್ತೇನೆ. 2024ರ ಬೇಸಿಗೆ ರಜೆಗೆ ಅಂತ ಹೊರಟಿದ್ದೆವು. ಎಲ್ಲರ ಹಾಗೆ ಏಪ್ರಿಲ್-ಮೇ. ಫೆಬ್ರವರಿ ಕೊನೆಯಿಂದ ಫ್ರಾನ್ಸಿನ ಅಪಾಯಿಂಟ್‌ಮೆಂಟ್ ಹುಡುಕಿದರೆ ಒಂದೂ ಇಲ್ಲ. ನಾವು ಹಿಡಿದಿದ್ದ ಏಜೆಂಟ್ "ಸಾರ್, ಇಟಲಿದು ಖಾಲಿ ಇದೆ, ಅದನ್ನೇ ಹಾಕೋಣ, ಹೇಗಿದ್ರೂ ಮಾಂತೋನ್ ಇಟಲಿ ಗಡಿಯಲ್ಲೇ ಇದೆ" ಅಂದ. ಇಟಲಿಯ ಸ್ಯಾನ್‌ರೆಮೋದಲ್ಲಿ ಒಂದು ಹೋಟೆಲ್ ಬುಕಿಂಗ್ ತೋರಿಸಿದ. ನಮ್ಮ ಪತ್ರದಲ್ಲಿ, ವಿಮಾನದ ಟಿಕೆಟ್‌ನಲ್ಲಿ ಎಲ್ಲ ಕಡೆ ಫ್ರಾನ್ಸಿನ ನೀಸ್, ಮಾಂತೋನ್ ಅಂತಲೇ ಇತ್ತು. ಯಾವ ದೇಶದಲ್ಲಿ ಜಾಸ್ತಿ ದಿನ ಇರ್ತೀರೋ ಆ ದೇಶಕ್ಕೇ ಅರ್ಜಿ, ದಿನ ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಇದು ನಿಯಮ. ಪ್ರವಾಸದ ಉದ್ದೇಶ ಸ್ಪಷ್ಟವಿಲ್ಲ ಅನ್ನೋ ಕಾರಣಕ್ಕೆ ಟಿಕ್ ಹಾಕಿ ಮೂರು ಪಾಸ್‌ಪೋರ್ಟೂ ವಾಪಸ್ ಬಂದವು. ವೀಸಾ ಶುಲ್ಕ, ಕೇಂದ್ರದ ಸೇವಾ ಶುಲ್ಕ, ಏಜೆಂಟ್ ತಗೊಂಡಿದ್ದು, ಟಿಕೆಟ್ ಕ್ಯಾನ್ಸಲ್ ಮಾಡಿದ್ದು ಎಲ್ಲ ಸೇರಿ ಎಪ್ಪತ್ತು ಸಾವಿರದ ಹತ್ತಿರ ಹೋಯಿತು. ಏಜೆಂಟ್ ಒಂದು ರೂಪಾಯಿ ವಾಪಸ್ ಕೊಡಲಿಲ್ಲ. ಅವತ್ತೇ ನಿರ್ಧಾರ ಮಾಡಿದೆ, ಇನ್ನು ಎಲ್ಲಾ ನಾನೇ ಮಾಡೋದು.

ಈಗ ತಿಂಗಳ ವಿಷಯ. ಮಾಂತೋನ್ ಫ್ರಾನ್ಸಿನ ಆಗ್ನೇಯ ಮೂಲೆಯ ಕೊನೆಯ ಊರು. ಬೆನ್ನಿಗೆ ಆಲ್ಪ್ಸ್ ಬೆಟ್ಟ ಗೋಡೆಯಂತೆ ನಿಂತು ಉತ್ತರದ ಗಾಳಿಯನ್ನು ತಡೆಯುತ್ತೆ. ಅದಕ್ಕೇ ಅಲ್ಲಿ ನಿಂಬೆ ಬೆಳೆಯುತ್ತೆ, ಬಾಳೆಗಿಡವೂ ಕಾಣುತ್ತೆ. ಮೇ ತಿಂಗಳಲ್ಲಿ ಬಿಸಿಲು ಚೆನ್ನಾಗಿರುತ್ತೆ, ಆದರೆ ಸಮುದ್ರ ಇನ್ನೂ ತಣ್ಣಗೆ, 17-18 ಡಿಗ್ರಿ. ಮೇಲಾಗಿ ಅದೇ ಕರಾವಳಿಯ ಕಾನ್ ಚಿತ್ರೋತ್ಸವ ಅದೇ ತಿಂಗಳು. ಪಕ್ಕದ ಮೊನಾಕೊದ ಗ್ರ್ಯಾಂಡ್ ಪ್ರಿ ಕಾರ್ ರೇಸ್ ಕೂಡ 2025ರವರೆಗೆ ಮೇ ಕೊನೆಗೇ ಇರ್ತಿತ್ತು, 2026ಕ್ಕೆ ಜೂನ್ ಮೊದಲ ವಾರಕ್ಕೆ ಹೋಗಿದೆ. ಅಂದರೆ ನಮ್ಮ ಬೇಸಿಗೆ ರಜೆಯಲ್ಲಿ ಅಲ್ಲಿ ರೂಮಿನ ಬೆಲೆ ಆಕಾಶಕ್ಕೆ, ನೀರು ಮಾತ್ರ ಐಸ್. ಜುಲೈ-ಆಗಸ್ಟ್ ಕೇಳಲೇಬೇಡಿ, ಅರ್ಧ ಫ್ರಾನ್ಸು, ಅರ್ಧ ಇಟಲಿ ಅಲ್ಲೇ ಇರುತ್ತೆ.

ಸೆಪ್ಟೆಂಬರ್ ಮೊದಲ ವಾರ ಅಲ್ಲಿ ಶಾಲೆ ಶುರು. ಜನ ಖಾಲಿ. ಆದರೆ ಬೇಸಿಗೆ ಪೂರ್ತಿ ಕಾದ ಸಮುದ್ರ ಅಷ್ಟು ಬೇಗ ತಣ್ಣಗಾಗಲ್ಲ. ಸೆಪ್ಟೆಂಬರ್‌ನಲ್ಲಿ 23ರ ಆಸುಪಾಸು, ಅಕ್ಟೋಬರ್ ಶುರುವಿನಲ್ಲೂ 21-22. ಭಾವನಿಗೆ ಈ ಮಾತು ಎಷ್ಟು ಸಲ ಹೇಳಿದರೂ ತಲೆಗೆ ಹೋಗಲಿಲ್ಲ. ಗಾಳಿಯ ತಂಪು ಬೇರೆ, ನೀರಿನ ತಂಪು ಬೇರೆ.

ಇಲ್ಲಿ ಪಂಚಾಂಗ ಬರುತ್ತೆ. ಅಕ್ಟೋಬರ್ ನಡುವಿನಿಂದ ನವೆಂಬರ್‌ವರೆಗೆ ಆ ಕರಾವಳಿಯಲ್ಲಿ ಜೋರು ಮಳೆಯ ಕಾಲ. ಕೆಲವು ಸಲ ಮೊದಲೇ ಬರುತ್ತೆ. 2020ರ ಅಕ್ಟೋಬರ್ 2ರಂದು ಅಲೆಕ್ಸ್ ಅನ್ನೋ ಚಂಡಮಾರುತ ಮಾಂತೋನ್ ಹಿಂದಿನ ರೋಯಾ ಕಣಿವೆಯಲ್ಲಿ ಸೇತುವೆಗಳನ್ನೇ ಕೊಚ್ಚಿಕೊಂಡು ಹೋಗಿತ್ತು. ಹಾಗಾಗಿ ದಸರಾ ಬೇಗ ಬರುವ ವರ್ಷ ಮಾತ್ರ ಈ ಊರು ನಮಗೆ ಹೊಂದುತ್ತೆ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೇ ಬಿತ್ತು. ಬಂಗಾರದಂಥ ವರ್ಷ. ಅಧಿಕಮಾಸ ಬಂದ ವರ್ಷ ದಸರಾ ಹಿಂದಕ್ಕೆ ಹೋಗುತ್ತೆ. 2023ರಲ್ಲಿ ಅಧಿಕ ಶ್ರಾವಣ ಬಂದು ವಿಜಯದಶಮಿ ಅಕ್ಟೋಬರ್ 24ಕ್ಕೆ ಹೋಗಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ, ಹಬ್ಬ ಅಕ್ಟೋಬರ್ 20ರ ಹೊತ್ತಿಗೆ. ಆ ವರ್ಷ ಮಾಂತೋನ್ ಬೇಡ. ಇನ್ನೂ ದಕ್ಷಿಣಕ್ಕೆ, ಗ್ರೀಸಿನ ಕ್ರೀಟ್ ದ್ವೀಪದ ಹಾನಿಯಾ ಕಡೆ ನೋಡಿ. ಅಲ್ಲಿ ಅಕ್ಟೋಬರ್ ಪೂರ್ತಿ ನೀರು ಬೆಚ್ಚಗಿರುತ್ತೆ. ಅರ್ಜಿಯನ್ನೂ ಗ್ರೀಸಿಗೇ ಹಾಕಬೇಕು, ನೆನಪಿರಲಿ.

ಸೆಪ್ಟೆಂಬರ್‌ನಲ್ಲೂ ಒಂದು ಮುಳ್ಳಿದೆ. ಕೊನೆಯ ವಾರ ಮೊನಾಕೊದಲ್ಲಿ ಯಾಟ್ ಶೋ (ಐಷಾರಾಮಿ ದೋಣಿಗಳ ಪ್ರದರ್ಶನ) ನಡೆಯುತ್ತೆ. 2025ರಲ್ಲಿ ಸೆಪ್ಟೆಂಬರ್ 24ರಿಂದ 27. ಮೊನಾಕೊ ಮಾಂತೋನ್‌ಗೆ ರೈಲಿನಲ್ಲಿ ಹತ್ತು-ಹನ್ನೆರಡು ನಿಮಿಷ, ಆದ್ದರಿಂದ ಇಲ್ಲೂ ಬಾಡಿಗೆ ಏರುತ್ತೆ. ನಾನು ನೋಡಿದ ಗರವಾನ್ ಬಡಾವಣೆಯ ಮನೆಗೆ ಆ ದಿನಗಳಲ್ಲಿ ದಿನಕ್ಕೆ 160-170 ಯೂರೋ ಹೇಳ್ತಿದ್ದರು. ಅದೇ ಮನೆ 28ರ ಭಾನುವಾರದಿಂದ 90 ಚಿಲ್ಲರೆ. ನಾವು ಇಳಿದಿದ್ದು ಆ ಭಾನುವಾರವೇ. ಅಡುಗೆಮನೆ ಇತ್ತು, ಬಾಲ್ಕನಿಯಿಂದ ಸಮುದ್ರ ಕಾಣ್ತಿತ್ತು. ಮಾಲೀಕರ ನಂಬರ್ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ.

ಅರ್ಜಿಯನ್ನು ಹೊರಡುವ ದಿನಕ್ಕೆ ಆರು ತಿಂಗಳು ಮೊದಲಿನಿಂದ ಹಾಕಬಹುದು, ಕೊನೆಗೆ ಹದಿನೈದು ದಿನ ಮೊದಲು. ಆರು ತಿಂಗಳು ಅಂದರೆ ಮಾರ್ಚ್ ಕೊನೆ, ಆಗ ಬೇಸಿಗೆಗೆ ಹೊರಡುವವರ ಜಾತ್ರೆ. ಜೂನ್ ಮುಗಿಯುವವರೆಗೂ ಹೀಗೇ. ನಾನು ಸುಮ್ನೆ ಕಾದೆ. ಜುಲೈ ಎರಡನೇ ವಾರಕ್ಕೆ ಬೆಂಗಳೂರಲ್ಲೇ ಅಪಾಯಿಂಟ್‌ಮೆಂಟ್ ಆರಾಮಾಗಿ ಸಿಕ್ಕಿತು, ಅದೂ ಹೆಚ್ಚು ದುಡ್ಡಿನ ಪ್ರೀಮಿಯಂ ಸಾಲು ಇಲ್ಲದೆ. ಯಾವ ವಾರ, ಯಾವ ಹೊತ್ತಿಗೆ ಹೊಸ ಸ್ಲಾಟ್ ಬಿಡ್ತಾರೆ ಅನ್ನೋದನ್ನು ಕೆಲವು ದಿನ ಕೂತು ಗಮನಿಸಿದ್ದೆ. ಅದನ್ನು ನೀವೂ ಗಮನಿಸಿ, ಹೇಳಿಬಿಟ್ಟರೆ ಎಲ್ಲರೂ ಅದೇ ಹೊತ್ತಿಗೆ ಬಂದು ಕೂರ್ತಾರೆ. ಪಾಸ್‌ಪೋರ್ಟ್ ಎರಡೂವರೆ ವಾರದಲ್ಲಿ ಕೈಗೆ ಬಂತು. ನಿಯಮದ ಪ್ರಕಾರ ಹದಿನೈದು ದಿನ, ಬೇಕಾದರೆ ನಲವತ್ತೈದು ದಿನದವರೆಗೆ ಎಳೆಯಬಹುದು. ಆಗಸ್ಟ್ ಪೂರ್ತಿ ಕೈಯಲ್ಲಿತ್ತು, ಹಾಗಾಗಿ ನಿದ್ದೆಗೆಡಲಿಲ್ಲ.

ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ. ಆರರಿಂದ ಹನ್ನೆರಡರೊಳಗಿನ ಮಕ್ಕಳಿಗೆ 45. ಆರಕ್ಕಿಂತ ಚಿಕ್ಕವರಿಗೆ ಇಲ್ಲ. ನನ್ನ ಮಗನಿಗೆ ಹನ್ನೊಂದು, ಅರ್ಧ ದುಡ್ಡು ಉಳಿಯಿತು, ಹನ್ನೆರಡರ ಒಳಗಿದ್ದ ಕಾರಣ ಬೆರಳಚ್ಚೂ ಬೇಕಾಗಲಿಲ್ಲ. ಮುಂದಿನ ವರ್ಷ ಹೋಗಿದ್ದರೆ ಪೂರ್ತಿ ಕೊಡಬೇಕಿತ್ತು. ನಿಮ್ಮ ಮನೆಯಲ್ಲಿ ಹನ್ನೊಂದರ ಮಗು ಇದ್ದರೆ ಯೋಚನೆ ಮಾಡಿ.

ದಾಖಲೆಗಳಲ್ಲಿ ನಾನು ಬೇರೆ ಮಾಡಿದ್ದು ಎರಡು. ಒಂದು, ಮಗನ ಶಾಲೆಯ ವಾರ್ಷಿಕ ಕ್ಯಾಲೆಂಡರಿನಲ್ಲಿ ದಸರಾ ರಜೆಗೆ ಗುರುತು ಹಾಕಿ ಇಟ್ಟೆ. ಯಾಕೆ ಈ ತಾರೀಕು, ಯಾಕೆ ವಾಪಸ್ ಬರಲೇಬೇಕು, ಎರಡಕ್ಕೂ ಉತ್ತರ ಆ ಒಂದೇ ಹಾಳೆಯಲ್ಲಿ. ಇನ್ನೊಂದು, ದುಡ್ಡಿನ ಲೆಕ್ಕ. ಹೋಟೆಲ್ ಬುಕಿಂಗ್ ತೋರಿಸಿದರೆ ಫ್ರಾನ್ಸು ಒಬ್ಬರಿಗೆ ದಿನಕ್ಕೆ 65 ಯೂರೋ ಕೇಳುತ್ತೆ, ಬುಕಿಂಗ್ ಇಲ್ಲದಿದ್ದರೆ 120. ಆ ಲೆಕ್ಕವನ್ನು ನಾನೇ ಗುಣಿಸಿ ಪತ್ರದಲ್ಲಿ ಬರೆದು, ಬ್ಯಾಂಕ್ ಸ್ಟೇಟ್‌ಮೆಂಟಿನ ಪುಟದ ನಂಬರ್ ಕೊಟ್ಟೆ. ಮುಂಚಿನ ರಿಜೆಕ್ಷನ್ ಮುಚ್ಚಿಡಲಿಲ್ಲ. ಒಂದು ಪ್ಯಾರಾದಲ್ಲಿ ವಿವರಿಸಿದೆ. ಆ ಪ್ಯಾರಾ ಹೇಗೆ ಬರೆಯಬೇಕು ಅನ್ನೋದಕ್ಕೆ ತುಂಬ ತಲೆ ಕೆಡಿಸಿಕೊಂಡಿದ್ದೇನೆ, ಅದನ್ನು ಇಲ್ಲಿ ಪೂರ್ತಿ ಬಿಚ್ಚಲ್ಲ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋ, ಪಾಸ್‌ಪೋರ್ಟ್ ನಾವು ಅಲ್ಲಿಂದ ಹೊರಟ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಇವೆಲ್ಲ ಗೊತ್ತಿರೋದೇ.

ರಿಜೆಕ್ಟ್ ಆದಮೇಲೆ ಮತ್ತೆ ಕೊಡಲ್ಲ ಅನ್ನೋ ಮಾತು ಸುಳ್ಳು ಅಂತ ನಾನು ಮೊದಲೇ ಪರೀಕ್ಷೆ ಮಾಡಿದ್ದೆ. 2025ರ ಫೆಬ್ರವರಿಯಲ್ಲಿ ಒಬ್ಬನೇ ಫ್ರಾನ್ಸ್ ವೀಸಾ ಹಾಕಿ ಮಾಂತೋನಿನ ನಿಂಬೆ ಹಬ್ಬ ನೋಡಿ ಬಂದೆ. 1930ರ ದಶಕದಿಂದ ನಡೆಯುವ ಹಬ್ಬ. ಬಿಯೋವೆಸ್ ಉದ್ಯಾನದಲ್ಲಿ ನಿಂಬೆ-ಕಿತ್ತಳೆಯಿಂದಲೇ ಮನೆಯೆತ್ತರದ ಆಕೃತಿಗಳನ್ನು ಕಟ್ತಾರೆ. ನೂರ ನಲವತ್ತು ಟನ್ ಹತ್ತಿರ ಹಣ್ಣು ಬೇಕಂತೆ. ಅದರಲ್ಲಿ ಹೆಚ್ಚಿನದು ಸ್ಪೇನಿನದು, ಮಾಂತೋನಿನ ನಿಂಬೆ ಅಷ್ಟು ಸಿಗೋದೂ ಇಲ್ಲ, ಅಷ್ಟು ಅಗ್ಗವೂ ಅಲ್ಲ. ನೋಡೋಕೆ ಅದ್ಭುತ. ಬಿಸಿಲಲ್ಲಿ ಕೂತರೆ ಹಿತ. ಆದರೆ ನೀರು 13-14 ಡಿಗ್ರಿ, ಮಕ್ಕಳ ಜೊತೆ ಹೋಗೋ ಕಾಲ ಅಲ್ಲ. ವಾರಾಂತ್ಯದ ಮೆರವಣಿಗೆ ದಿನ ರೂಮು ದುಬಾರಿ. ಸೋಮವಾರ ಹೋಗಿ ಬುಧವಾರ ಬಿಟ್ಟರೆ ಸುಮಾರು ಅರ್ಧ ಬೆಲೆ. ಈ ಪ್ರವಾಸದಿಂದ ಇನ್ನೊಂದು ಲಾಭ ಆಯ್ತು. 2024ರ ಏಪ್ರಿಲ್‌ನಲ್ಲಿ ಬಂದ ನಿಯಮದಲ್ಲಿ, ಭಾರತದಲ್ಲೇ ಇದ್ದು ಮೂರು ವರ್ಷದೊಳಗೆ ಎರಡು ವೀಸಾ ಸರಿಯಾಗಿ ಬಳಸಿದವರಿಗೆ ಎರಡು ವರ್ಷದ ಮಲ್ಟಿಪಲ್ ಎಂಟ್ರಿ (ಹಲವು ಸಲ ಹೋಗಿಬರುವ ವೀಸಾ) ಸಿಗುವ ದಾರಿ ಇದೆ, ಆಮೇಲೆ ಐದು ವರ್ಷದ್ದು. ನನಗೆ ಈಗ ಎರಡಾಯ್ತು. ಹೆಂಡತಿ, ಮಗನಿಗೆ ಇನ್ನೊಂದು ಬೇಕು.

ಗಡಿಯ ವಿಷಯದಲ್ಲಿ ಎಲ್ಲರೂ ಉದಾಸೀನ ಮಾಡುವ ಮಾತು: ಷೆಂಗನ್ ಒಳಗೆ ತಪಾಸಣೆ ಇಲ್ಲ ಅಂದುಕೊಂಡು ಪಾಸ್‌ಪೋರ್ಟ್ ರೂಮಲ್ಲಿಟ್ಟು ಇಟಲಿಗೆ ಹೋಗಬೇಡಿ. ಫ್ರಾನ್ಸು 2015ರಿಂದ ಗಡಿ ತಪಾಸಣೆ ಮತ್ತೆ ಶುರು ಮಾಡಿದೆ. ನಾವು ಶುಕ್ರವಾರದ ದೊಡ್ಡ ಸಂತೆ ನೋಡೋಕೆ ಗಡಿಯಾಚೆಯ ವೆಂಟಿಮಿಲಿಯಾಕ್ಕೆ ಹೋಗಿದ್ದೆವು, ರೈಲಿನಲ್ಲಿ ಕಾಲು ಗಂಟೆ. ಹೋಗುವಾಗ ಯಾರೂ ಕೇಳಲಿಲ್ಲ. ಬರುವಾಗ ಮಾಂತೋನ್-ಗರವಾನ್ ಸ್ಟೇಷನ್ನಿನಲ್ಲಿ ರೈಲು ನಿಂತ ಕೂಡಲೇ ಪೊಲೀಸರು ಹತ್ತಿದರು. ಪಾಸ್‌ಪೋರ್ಟ್ ನೋಡಿ ಮುಂದೆ ಹೋದರು. ಮೊನಾಕೊ ಬೇರೆ ದೇಶವಾದರೂ ಫ್ರಾನ್ಸಿನಿಂದ ಹೋಗೋಕೆ ಬೇರೆ ವೀಸಾ ಬೇಡ.

ತಿಂಡಿ ಡಬ್ಬಿಯೂ ಪ್ರವೇಶದ ನಿಯಮದೊಳಗೇ ಬರುತ್ತೆ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಹಾಲು, ಮಾಂಸದ ಪದಾರ್ಥ ಒಯ್ಯುವ ಹಾಗಿಲ್ಲ. ಪೇಡ, ತುಪ್ಪ ಮನೆಯಲ್ಲೇ ಬಿಡಿ. ಹಸಿ ಕರಿಬೇವು ಅಂತೂ ಬೇಡವೇ ಬೇಡ. ಸರ್ಟಿಫಿಕೇಟ್ ಇಲ್ಲದ ಹಸಿ ಸೊಪ್ಪಿಗೆ ಅನುಮತಿ ಇಲ್ಲ, ಮೇಲಾಗಿ ನಿಂಬೆ ಗಿಡಗಳನ್ನು ಕೊಲ್ಲುವ ಗ್ರೀನಿಂಗ್ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತೆ. ನಿಂಬೆಯನ್ನೇ ನಂಬಿದ ಊರಿಗೆ ಅದನ್ನು ಹೊತ್ತುಕೊಂಡು ಹೋಗಬಾರದು, ಅಲ್ವಾ? ಬಾಳೆಹಣ್ಣು, ತೆಂಗಿನಕಾಯಿ, ಖರ್ಜೂರಕ್ಕೆ ತೊಂದರೆ ಇಲ್ಲ. ನಾವು ಸಾರಿನ ಪುಡಿ, ಅವಲಕ್ಕಿ ಒಯ್ದೆವು. ವಿಜಯದಶಮಿ ದಿನ ತೆಂಗಿನಕಾಯಿ ಒಡೆದು ಪೂಜೆಯೂ ಆಯ್ತು. ಹೊರಗೆ ಸಸ್ಯಾಹಾರಿಗಳಿಗೆ ಸೊಕ್ಕಾ ಇದೆ, ಕಡಲೆಹಿಟ್ಟಿನದು, ನಮ್ಮ ದಪ್ಪ ದೋಸೆಯ ಹಾಗೆ. ಬಿಸಿಬಿಸಿ ತಿನ್ನಬೇಕು.

ಲೆಕ್ಕ ಅಂದಾಜಿಗೆ: ವಿಮಾನ ಗಲ್ಫ್ ಮೂಲಕ ಒಬ್ಬರಿಗೆ ಅರವತ್ತು-ಅರವತ್ತೆರಡು ಸಾವಿರ. ಬೇಸಿಗೆ ರಜೆಯಲ್ಲಿ ಇದೇ ಎಂಬತ್ತೈದು ದಾಟಿತ್ತು. ಮನೆ ಬಾಡಿಗೆ ಎಂಬತ್ತು ಚಿಲ್ಲರೆ ಸಾವಿರ. ಊಟ, ರೈಲು, ಮಾರುಕಟ್ಟೆ ಅರವತ್ತರ ಹತ್ತಿರ. ವೀಸಾ, ಇನ್ಶೂರೆನ್ಸ್ ಎಲ್ಲ ಮೂವತ್ತೈದು. ಒಟ್ಟು ಮೂರು ಲಕ್ಷದ ಅರವತ್ತೈದು ಸಾವಿರದ ಆಸುಪಾಸು. ಟೂರ್ ಕಂಪನಿ ನೀಸ್ ಸುತ್ತ ಒಂದು ವಾರಕ್ಕೆ ಆರೂ ಮುಕ್ಕಾಲು ಲಕ್ಷ ಹೇಳಿತ್ತು, ಮಾಂತೋನ್ ಅದರಲ್ಲಿ ಅರ್ಧ ದಿನ. ಏರ್‌ಪೋರ್ಟಿನಿಂದ ಟ್ಯಾಕ್ಸಿ ತಗೊಳ್ಳಬೇಡಿ, ಹತ್ತಿರದ ನೀಸ್ ಸೇಂಟ್-ಒಗುಸ್ತಾಂ ಸ್ಟೇಷನ್ನಿನಿಂದ ಟಿಇಆರ್ ಅನ್ನೋ ಲೋಕಲ್ ರೈಲು ಸಮುದ್ರದ ಅಂಚಲ್ಲೇ ಬರುತ್ತೆ. ಗರವಾನ್ ಕಡೆ ಮನೆ ಇದ್ದರೆ ಮಾಂತೋನ್ ದಾಟಿ ಮುಂದಿನ ಸ್ಟೇಷನ್ನಿನಲ್ಲಿ ಇಳಿಯಿರಿ.

ಇನ್ನು ಮುಂದೆ ಹೋಗುವವರಿಗೆ ಒಂದು ಬದಲಾವಣೆ. ನಮ್ಮ ಪಾಸ್‌ಪೋರ್ಟಿಗೆ ನೀಸ್‌ನಲ್ಲಿ ಠಸ್ಸೆ ಹೊಡೆದರು. ನಾವು ವಾಪಸ್ ಬಂದ ಮೇಲೆ, 2025ರ ಅಕ್ಟೋಬರ್ 12ರಿಂದ, ಠಸ್ಸೆ ಬದಲು ಇಇಎಸ್ ಅನ್ನೋ ಕಂಪ್ಯೂಟರ್ ದಾಖಲೆ ಹಂತ ಹಂತವಾಗಿ ಶುರುವಾಯಿತು. ಬಂದಿದ್ದು, ಹೋಗಿದ್ದು, ಮುಖದ ಫೋಟೊ ಎಲ್ಲ ಅದರಲ್ಲಿ. 180 ದಿನದಲ್ಲಿ 90 ದಿನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ ಅನ್ನೋ ಲೆಕ್ಕವನ್ನೂ ಅದೇ ಇಡುತ್ತೆ. ಮೊದಲ ಸಲ ಹೋಗುವವರಿಗೆ ಕೌಂಟರಿನಲ್ಲಿ ಜಾಸ್ತಿ ಹೊತ್ತು ಹಿಡಿಯಬಹುದು. ಪ್ಯಾರಿಸ್ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿದರೆ ಈ ಕೆಲಸ ನಡೆಯೋದು ಅಲ್ಲೇ, ನೀಸ್‌ನಲ್ಲಿ ಅಲ್ಲ. ಒಂದೂವರೆ ಗಂಟೆಯ ಕನೆಕ್ಷನ್ ಅಗ್ಗಕ್ಕೆ ಸಿಕ್ಕಿತು ಅಂತ ತಗೊಳ್ಳಬೇಡಿ. ಕನಿಷ್ಠ ಮೂರು ಗಂಟೆ ಇರಲಿ, ಇಲ್ಲವೇ ನಮ್ಮ ಹಾಗೆ ಗಲ್ಫ್ ಕಡೆಯಿಂದ ನೇರ ನೀಸ್‌ಗೆ ಇಳಿಯಿರಿ.