ಡೀಸೆಲ್ ಬಲೆನೋಗೆ ಆರ್‌ಎಸ್‌ನ ಹಿಂದಿನ ಡಿಸ್ಕ್: ನಾನು ಮಾಡಿದ್ದು ಹೀಗೆ

ನನ್ನ ಮಾರುತಿ ಬಲೆನೋ ಡೀಸೆಲ್ ಕಾರಿಗೆ ಹಿಂದೆ ಡ್ರಮ್ ಬ್ರೇಕ್ ಇತ್ತು, ಈಗ ಅದು ಬಲೆನೋ ಆರ್‌ಎಸ್‌ನ, ಅಂದರೆ ಅದೇ ಕಾರಿನ ಟರ್ಬೊ ಮಾದರಿಯ, ಹಿಂದಿನ ಡಿಸ್ಕ್ ಬ್ರೇಕಿನ ಮೇಲೆ ಓಡುತ್ತಿದೆ. ಇಪ್ಪತ್ತು ಸಾವಿರ ಕಿಲೋಮೀಟರ್ ಹತ್ತಿರ ಬಂತು. ಮೊದಮೊದಲ ತೊಡಕು ಸರಿಹೋದ ಮೇಲೆ ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತಿಲ್ಲ, ಹಿಂಭಾಗ ಜಾರಿಲ್ಲ, ಹ್ಯಾಂಡ್ ಬ್ರೇಕ್ ಕೈಕೊಟ್ಟಿಲ್ಲ. ಈ ಮೂರೂ ಆಗೇ ಆಗುತ್ತವೆ ಎಂದು ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜುಗಳಲ್ಲಿ ಚಹಾ ಕುಡಿಯುತ್ತ ಭವಿಷ್ಯ ಹೇಳಿದವರು ಬಹಳ ಜನ. ಅವರಲ್ಲಿ ಇಬ್ಬರು ಈಗ ತಮ್ಮ ಗಾಡಿಗೂ ಮಾಡಿಕೊಡು ಎಂದು ಕೇಳುತ್ತಿದ್ದಾರೆ. ಹಾಗಾಗಿ ಒಮ್ಮೆ ಬರೆದಿಡುತ್ತೇನೆ.

ಮೊದಲು ಎಲ್ಲರೂ ಎತ್ತುವ ತಕರಾರು. ಬ್ರೇಕಿನ ಮುಕ್ಕಾಲು ಪಾಲು ಕೆಲಸ ಮುಂದಿನ ಗಾಲಿಗಳದ್ದು, ಹಿಂದಿನದ್ದಕ್ಕೆ ಯಾಕೆ ಇಷ್ಟು ದುಡ್ಡು ಸುರಿಯಬೇಕು? ಬೆಂಗಳೂರಿನ ಡಾಂಬರು ಬಿಟ್ಟು ಇಳಿಯದ ಗಾಡಿಗೆ ಈ ಮಾತು ಒಪ್ಪುತ್ತದೆ. ನನ್ನ ಗಾಡಿ ಜೂನ್‌ನಿಂದ ಜನವರಿವರೆಗೆ ವಾರಕ್ಕೆ ಎರಡು ಮೂರು ಸಲ ಹೊಲಕ್ಕೆ ಹೋಗುತ್ತದೆ. ಬಿತ್ತನೆ, ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆಯುವುದು, ತೊಗರಿ ರಾಶಿ, ಒಂದಲ್ಲ ಒಂದು ಕೆಲಸ. ಡ್ರಮ್ ಅಂದರೆ ಮುಚ್ಚಿದ ಡಬ್ಬಿ, ಒಳಗೆ ಶೂ ಎಂಬ ಪಟ್ಟಿ ಉಜ್ಜಿ ಗಾಲಿ ನಿಲ್ಲಿಸುತ್ತದೆ. ಎರಿ ಮಣ್ಣಿನ ರಾಡಿ ಅದರ ಹಿಂದಿನ ತಟ್ಟೆಯ ಸಂದಿನಿಂದ ಒಳಗೆ ಹೊಕ್ಕರೆ ಹೊರಗೆ ಬರುವ ದಾರಿಯೇ ಇಲ್ಲ. ಒಣಗಿ ಶೂ ಮೇಲೆ ಕೂಡುತ್ತದೆ, ಶೂ ಗಾಜಿನ ಹಾಗೆ ಹೊಳೆಯುತ್ತದೆ, ಹ್ಯಾಂಡ್ ಬ್ರೇಕ್ ಎಳೆದು ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಹಿಡಿದುಕೊಂಡೇ ಇರುತ್ತದೆ. ಪ್ರತಿ ಮಳೆಗಾಲಕ್ಕೆ ಎರಡು ಸಲ ಡ್ರಮ್ ಬಿಚ್ಚಿ ತೊಳೆಯುವುದು ನನಗೆ ಸಾಕಾಗಿತ್ತು. ಡಿಸ್ಕ್ ಆದರೆ ತೆರೆದ ತಟ್ಟೆ, ಎರಡೂ ಬದಿಯಿಂದ ಪ್ಯಾಡ್ ಒತ್ತಿ ಹಿಡಿಯುತ್ತದೆ. ರಾಡಿ ಬಡಿಯುತ್ತದೆ ನಿಜ, ಆದರೆ ನಾಲ್ಕು ಸಲ ಬ್ರೇಕ್ ಹಾಕಿದರೆ ಒರೆಸಿ ಹೋಗುತ್ತದೆ, ಪೈಪು ಹಿಡಿದರೆ ತೊಳೆದೂ ಹೋಗುತ್ತದೆ.

ಆರ್‌ಎಸ್ ಬಂದದ್ದು 2017ರಲ್ಲಿ. ಒಂದು ಲೀಟರಿನ ಬೂಸ್ಟರ್‌ಜೆಟ್ ಟರ್ಬೊ ಎಂಜಿನ್, ನೂರು ಅಶ್ವಶಕ್ತಿಗೆ ತುಸು ಮೇಲೆ, ನಾಲ್ಕೂ ಗಾಲಿಗೆ ಡಿಸ್ಕ್. ಬಿಎಸ್6 ಹೊಗೆ ನಿಯಮ ಬರುವ ಹೊತ್ತಿಗೆ ನಿಂತೇ ಹೋಯಿತು. ನನ್ನದು 1.3 ಡೀಸೆಲ್, ಅದೂ ಅದೇ ಹೊತ್ತಿಗೆ ನಿಂತಿತು. ಜನ ಮರೆಯುವುದು ಇಲ್ಲಿ: ಡೀಸೆಲ್ ಗಾಡಿ ತೂಕದಲ್ಲಿ ಆರ್‌ಎಸ್‌ಗೆ ಕಮ್ಮಿಯೇನಲ್ಲ. ಎರಡೂ ಸುಮಾರು 950 ಕಿಲೋ ಆಸುಪಾಸು. ಪೆಟ್ರೋಲ್ 1.2 ಅದಕ್ಕಿಂತ ಎಪ್ಪತ್ತು ಎಂಬತ್ತು ಕಿಲೋ ಹಗುರ. ಟಾರ್ಕ್, ಅಂದರೆ ಎಂಜಿನ್ ಎಳೆಯುವ ಬಲ ನೋಡಿದರೆ ಆರ್‌ಎಸ್‌ಗೆ 150 ನ್ಯೂಟನ್ ಮೀಟರ್, ನನ್ನದಕ್ಕೆ 190. ಅಷ್ಟು ಭಾರದ, ಅಷ್ಟು ಎಳೆಯುವ ಗಾಡಿಗೆ ಡ್ರಮ್ ಸಾಕು, ಆರ್‌ಎಸ್‌ಗೆ ಮಾತ್ರ ಡಿಸ್ಕ್ ಬೇಕು ಎನ್ನುವುದು ನನ್ನ ತಲೆಗೆ ಹತ್ತಲಿಲ್ಲ. ಮೇಲಾಗಿ ನನ್ನ ಗಾಡಿಗೆ ಆರ್‌ಎಸ್‌ನ ಅಳತೆಯ 195/55 ಆರ್16 ಟೈರೇ ಇದ್ದದ್ದರಿಂದ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಗಾಲಿಗೆ ತಾಗುತ್ತದೆಂಬ ಚಿಂತೆ ಇರಲಿಲ್ಲ.

ಮೊದಲು ಬಿಡಿ ಸಾಮಾನು ತರಿಸಿ ನೋಡಿದೆ. ದೂರದ ಊರಿನ ಒಬ್ಬ ಗುಜರಿ ವ್ಯಾಪಾರಿ ಫೋಟೊ ಕಳಿಸಿದ, ಏಳು ಸಾವಿರ ಚಿಲ್ಲರೆ ಹಾಕಿಸಿಕೊಂಡ. ಬಂದ ಪೆಟ್ಟಿಗೆಯಲ್ಲಿ ಎರಡೂ ಎಡಗಡೆಯ ಕ್ಯಾಲಿಪರ್. ಫೋನ್ ಮಾಡಿದರೆ, “ಎರಡೂ ಒಂದೇ ಸಾರ್, ತಿರುಗಿಸಿ ಹಾಕೊಳ್ಳಿ” ಅಂದ. ತಿರುಗಿಸಿ ಹಾಕಿದರೆ ಏರ್ ತೆಗೆಯುವ ನಿಪ್ಪಲ್ ಕೆಳಗೆ ಬರುತ್ತದೆ. ಗಾಳಿ ಮೇಲೆ ಕೂತಿರುತ್ತದೆ, ಎಷ್ಟು ಲೀಟರ್ ಬ್ರೇಕ್ ಆಯಿಲ್ ಹೊರಗೆ ಬಿಟ್ಟರೂ ಪೆಡಲ್ ಮೆತ್ತಗೇ. ಡಿಸ್ಕ್‌ಗಳಂತೂ ಅಂಚಿನಲ್ಲಿ ಕೊರೆದಿರುವ ಕನಿಷ್ಠ ದಪ್ಪಕ್ಕಿಂತಲೂ ತೆಳ್ಳಗಾಗುವಷ್ಟು ಸವೆದಿದ್ದವು. ದುಡ್ಡು ವಾಪಸ್ ಬರಲಿಲ್ಲ. ಆಗ ನಮ್ಮ ಚಾಚಾ, ನಾನು ಕೂತು ಕೆಲಸ ಮಾಡುವ ಗ್ಯಾರೇಜಿನ ಉಸ್ತಾದ್, ಒಂದೇ ಮಾತು ಹೇಳಿದರು: “ತಮ್ಮಾ, ತಂದ್ರ ಪೂರಾ ಆಕ್ಸಲ್ ತೊಗೊಂಡ್ ಬಾ. ಬಿಡಿ ಸಾಮಾನಿನ್ಯಾಗ ಜಿಂದಗೀನೇ ಹೋಗ್ತದ ನೋಡು.”

ಈ ಕೆಲಸದ ಕೀಲಿ ಅದೇ. ಹಬ್, ಬ್ರಾಕೆಟ್, ತಟ್ಟೆ, ಕ್ಯಾಲಿಪರ್, ಹ್ಯಾಂಡ್ ಬ್ರೇಕ್ ಕೇಬಲ್, ಸೆನ್ಸರ್, ಎಲ್ಲವೂ ಒಂದೇ ಗಾಡಿಯಿಂದ ಒಂದೇ ಗಂಟಾಗಿ ಬರಬೇಕು. ಬಿಡಿ ಬಿಡಿಯಾಗಿ ಕೂಡಿಸಲು ಹೋದವರು ಲೇಥ್‌ನವನಿಗೆ ಸ್ಪೇಸರ್ ಮಾಡಿಸಿ, ವೆಲ್ಡಿಂಗ್ ಹೊಡೆಸಿ ಗಾಡಿ ಕೆಡಿಸಿಕೊಂಡದ್ದನ್ನು ಕಂಡಿದ್ದೇನೆ. ಬ್ರೇಕಿನ ಬ್ರಾಕೆಟ್‌ಗೆ ವೆಲ್ಡಿಂಗ್ ಹೊಡೆಯುವವನ ಗಾಡಿಯಲ್ಲಿ ನಾನು ಕೂಡುವುದಿಲ್ಲ.

ಆರ್‌ಎಸ್ ಮೊದಲೇ ಕಮ್ಮಿ ಮಾರಾಟವಾದ ಗಾಡಿ, ಗುಜರಿಯಲ್ಲಿ ಸಿಗುವುದು ಇನ್ನೂ ಕಮ್ಮಿ. ಹೈದರಾಬಾದ್ ಕಡೆ ಹೇಳಿಟ್ಟೆ, ಸೊಲ್ಲಾಪುರದಲ್ಲೂ ಹೇಳಿಟ್ಟೆ. ನಾಲ್ಕೈದು ತಿಂಗಳ ಮೇಲೆ ಸೊಲ್ಲಾಪುರದಲ್ಲಿ ಮುಂಭಾಗ ಪೂರ್ತಿ ಜಜ್ಜಿಹೋದ ಒಂದು ಆರ್‌ಎಸ್ ಬಂತು. ಮುಂದೆ ಬಡಿದ ಗಾಡಿಯೇ ನಮಗೆ ಬೇಕಾದದ್ದು. ಹಿಂದೆ ಅಥವಾ ಪಕ್ಕಕ್ಕೆ ಏಟು ತಿಂದ ಗಾಡಿಯ ಬೀಮ್ (ಹಿಂದಿನ ಎರಡೂ ಗಾಲಿ ಕೂಡಿಸುವ ಆಕ್ಸಲ್‌ನ ತೊಲೆ) ಕಣ್ಣಿಗೆ ಕಾಣದಷ್ಟು ಸೊಟ್ಟಗಾಗಿರುತ್ತದೆ, ಹಿಂದಿನ ಟೋ (ಗಾಲಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿಮಾಡಲು ಈ ಗಾಡಿಯಲ್ಲಿ ಬೋಲ್ಟೂ ಇಲ್ಲ. ಬೆಳಿಗ್ಗೆ ಅಕ್ಕಲಕೋಟ ದಾರಿ ಹಿಡಿದು ಹೋಗಿ, ನೆಲದ ಮೇಲೆ ಬೀಮ್ ಇಟ್ಟು, ದಾರ ಕಟ್ಟಿ ಎರಡೂ ಕಡೆ ಅಳೆದು ನೋಡಿದೆ. ಗುಜರಿಯ ಸೇಠ್ ನಲವತ್ತು ಸಾವಿರ ಅಂದ, ಮಧ್ಯಾಹ್ನದ ಊಟದ ಹೊತ್ತಿಗೆ ಇಪ್ಪತ್ತಾರಕ್ಕೆ ಇಳಿದ. ಕಲಬುರಗಿಗೆ ಬರುವ ಲಾರಿಯಲ್ಲಿ ಹಾಕಿಸಿದ್ದಕ್ಕೆ ಒಂದೂವರೆ ಸಾವಿರ.

ಮನೆಗೆ ಬಂದ ಮೇಲೆ ನಿಜವಾದ ಕೆಲಸ. ಬಲಗಡೆಯ ಕ್ಯಾಲಿಪರ್ ಹಿಡಿದುಬಿಟ್ಟಿತ್ತು. ಈ ಜಾತಿಯ ಕ್ಯಾಲಿಪರ್‌ನಲ್ಲಿ ಹ್ಯಾಂಡ್ ಬ್ರೇಕಿನ ತಿರುಪು ಪಿಸ್ಟನ್ ಒಳಗೇ ಇರುತ್ತದೆ. ಸಿ-ಕ್ಲ್ಯಾಂಪ್ ಹಾಕಿ ಒತ್ತಿದರೆ ಒಳಗಿನ ಕೀಲು ಮುರಿಯುತ್ತದೆ, ತಿರುಗಿಸುತ್ತ ಒತ್ತಬೇಕು. ಲಿವರ್‌ನ ದಂಡಕ್ಕೆ ತುಕ್ಕು ಹಿಡಿದಿತ್ತು. ಮೂರು ದಿನ ಎಣ್ಣೆ ಬಿಟ್ಟು, ಬಿಸಿ ಮಾಡಿ, ಬಿಡಿಸಿದೆ. ರಬ್ಬರ್ ಕಿಟ್ ಹೊಸದು ಹಾಕಿದ್ದು ವಾರದಲ್ಲೇ ಹಾಳಾಯಿತು. ಬೇರೊಂದು ಅಂಗಡಿಯ ಹುಡುಗ ಕ್ಯಾಲಿಪರ್ ಜಾರುವ ಪಿನ್ನಿಗೆ ಮಾಮೂಲಿ ಚಾಸಿಸ್ ಗ್ರೀಸ್ ಸವರಿಕೊಟ್ಟಿದ್ದ. ಪೆಟ್ರೋಲಿಯಂ ಗ್ರೀಸ್ ತಾಗಿದರೆ ಬ್ರೇಕಿನ ರಬ್ಬರ್ ಊದಿಕೊಳ್ಳುತ್ತದೆ. ಇನ್ನೊಂದು ಕಿಟ್, ಈ ಸಲ ಬ್ರೇಕಿಗೆಂದೇ ಬರುವ ಕೆಂಪು ರಬ್ಬರ್ ಗ್ರೀಸ್, ಮತ್ತು ಕೆಲಸ ಪೂರ್ತಿ ನನ್ನ ಕೈಯಲ್ಲೇ. ಡಿಸ್ಕ್, ಪ್ಯಾಡ್ ಕಂಪನಿಯವೇ ಹೊಸವು ತರಿಸಿದೆ.

ಕೂರಿಸುವುದರಲ್ಲಿ ಅಂಥ ಕಷ್ಟವಿಲ್ಲ. ಮಾಡಿದವರಿಗೆ ಗೊತ್ತು, ಸ್ಪ್ರಿಂಗ್ ಇಳಿಸಿ, ಶಾಕ್ ಬಿಚ್ಚಿ, ಪೈಪ್ ಬಿಡಿಸಿದರೆ ಬೀಮ್ ಎರಡು ಬೋಲ್ಟಿನ ಮೇಲೆ ನಿಂತಿರುತ್ತದೆ. ಎರಡು ಮಾತು ಮಾತ್ರ. ಪೈಪಿನ ನಟ್‌ಗೆ ಮಾಮೂಲಿ ಪಾನಾ ಹಚ್ಚಬೇಡಿ, ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಪಾನಾ ಬೇಕು. ಇಲ್ಲಿನ ಧೂಳು ಬಿಸಿಲಿಗೆ ಆ ನಟ್ ಬೆಸೆದಂತೆ ಹಿಡಿದಿರುತ್ತದೆ, ಮೂಲೆ ಸವೆದರೆ ಪೈಪೇ ಹೊಸದು. ಇನ್ನೊಂದು, ಬೀಮಿನ ರಬ್ಬರ್ ಬುಶ್‌ನ ಬೋಲ್ಟನ್ನು ಗಾಡಿ ಗಾಲಿ ಮೇಲೆ ನಿಂತು ಪೂರ್ತಿ ಭಾರ ಬಿದ್ದ ಮೇಲೆಯೇ ಬಿಗಿಯಬೇಕು. ಜಾಕ್ ಮೇಲೆ ತೂಗುಬಿದ್ದಿರುವಾಗ ಬಿಗಿದರೆ ಬುಶ್ ಸದಾ ತಿರುಚಿಕೊಂಡೇ ಇದ್ದು ಆರು ತಿಂಗಳಲ್ಲಿ ಹರಿಯುತ್ತದೆ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎಬಿಎಸ್ ದೀಪ ಹತ್ತಿತು, ಅಕ್ಕಪಕ್ಕದವರ ಮುಖ ಅರಳಿತು. ನೋಡಿದರೆ ಎಡಗಡೆ ಸೆನ್ಸರ್‌ನ ವೈರು ಗುಜರಿಯಲ್ಲಿ ಎಳೆದಾಗ ಕಿತ್ತಿತ್ತು. ಬೆಸುಗೆ ಹಾಕಿ ಜೋಡಿಸಿದೆ, ದೀಪ ಆರಿತು, ಮತ್ತೆ ಹತ್ತಿಲ್ಲ.

ಹ್ಯಾಂಡ್ ಬ್ರೇಕ್ ನನ್ನ ನಿದ್ದೆ ಕೆಡಿಸಿದ ಭಾಗ. ಡಿಸ್ಕ್‌ನ ಹ್ಯಾಂಡ್ ಬ್ರೇಕ್ ಡ್ರಮ್‌ನಷ್ಟು ಹಿಡಿಯುವುದಿಲ್ಲ ಎಂಬುದು ಸತ್ಯ. ಮೊದಲ ವಾರ ಮನೆ ಮುಂದಿನ ಇಳಿಜಾರಿನಲ್ಲೇ ಗಾಡಿ ಹಿಂದೆ ಸರಿಯುತ್ತಿತ್ತು. ಕೇಬಲ್ ಬಿಗಿದರೆ ಕ್ಯಾಲಿಪರ್‌ನ ಲಿವರ್ ಪೂರ್ತಿ ಹಿಂದಕ್ಕೆ ಹೋಗದೆ ಪ್ಯಾಡ್ ಉಜ್ಜಿ ಡಿಸ್ಕ್ ಬಿಸಿ. ಕೊನೆಗೆ ಕೇಬಲ್ ಪೂರ್ತಿ ಸಡಿಲ ಬಿಟ್ಟು, ಮೊದಲು ಕ್ಯಾಲಿಪರ್ ತಾನೇ ತನ್ನ ಅಂತರ ಹೊಂದಿಸಿಕೊಳ್ಳುವಂತೆ ಮಾಡಿ, ಆಮೇಲೆ ಕೇಬಲ್ ಎಳೆದೆ. ಆ “ಮೊದಲು” ಮಾಡುವುದನ್ನು ಹೇಗೆ ಮಾಡಿದೆ ಎಂಬುದು ಚಾಚಾ ಮತ್ತು ನನ್ನ ನಡುವೆ ಇರಲಿ. ಗ್ಯಾರೇಜಿಗೆ ಬಂದರೆ ಕಣ್ಣಾರೆ ನೋಡಬಹುದು. ಈಗ ಐದು ಜನ ಕೂತು ಡಿಕ್ಕಿಯಲ್ಲಿ ಬೇಳೆ ಚೀಲ ಇದ್ದರೂ ಇಳಿಜಾರಿನಲ್ಲಿ ಅಲ್ಲಾಡುವುದಿಲ್ಲ.

ಪರೀಕ್ಷೆಯ ಬಗ್ಗೆ ವಿವರವಾಗಿ ಬರೆಯಬೇಕು, ಯಾಕೆಂದರೆ ಇದನ್ನು ಯಾರೂ ಮಾಡುವುದಿಲ್ಲ. ಹಿಂದಿನ ಗಾಲಿ ಮುಂದಿನದಕ್ಕಿಂತ ಮೊದಲು ಲಾಕ್ ಆದರೆ ಗಾಡಿ ಗಿರಕಿ ಹೊಡೆಯುತ್ತದೆ, ಅದೇ ದೊಡ್ಡ ಭಯ. ಎಬಿಎಸ್, ಇಬಿಡಿ (ಮುಂದಿನ ಹಿಂದಿನ ಗಾಲಿಗೆ ಬ್ರೇಕಿನ ಬಲ ಹಂಚುವ ವ್ಯವಸ್ಥೆ) ಇದ್ದರೆ ಅದು ಮುಚ್ಚಿಹೋಗುತ್ತದೆ. ಆದ್ದರಿಂದ ಜನ ಸುಳಿಯದ ಒಂದು ಖಾಲಿ ಲೇಔಟಿನ ಅಗಲ ರೋಡಿನಲ್ಲಿ ಎಬಿಎಸ್ ಫ್ಯೂಸ್ ಕಿತ್ತು, ಒಬ್ಬನೇ ಕೂತು, ಮೂವತ್ತು, ನಲವತ್ತು, ಅರವತ್ತರ ವೇಗದಲ್ಲಿ ಬ್ರೇಕ್ ತುಳಿದೆ. ನನ್ನ ತಮ್ಮ ರೋಡಿನ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಗಾಲಿಗಳನ್ನು ಸೆರೆಹಿಡಿದ. ಇದನ್ನು ಒಣ ರೋಡಿನಲ್ಲೇ ನೋಡಬೇಕು. ಹಿಡಿತ ಹೆಚ್ಚಿದಷ್ಟೂ ಭಾರ ಮುಂದಕ್ಕೆ ಬಾಗಿ ಹಿಂದಿನ ಗಾಲಿ ಹಗುರಾಗುತ್ತದೆ, ಲಾಕ್ ಆಗುವುದಾದರೆ ಆಗಲೇ. ಕಂಪನಿ ಪ್ಯಾಡಿನಲ್ಲಿ ಪ್ರತಿ ಸಲವೂ ಮುಂದಿನ ಗಾಲಿ ಮೊದಲು ನಿಂತಿತು. ಆಸೆಯಿಂದ ಜೋರು ಹಿಡಿಯುವ ದುಬಾರಿ ಪ್ಯಾಡ್ ಒಂದು ಜೊತೆ ಹಿಂದಕ್ಕೆ ಹಾಕಿ ನೋಡಿದೆ. ಅರವತ್ತರಲ್ಲಿ ನಾಲ್ಕೂ ಒಟ್ಟಿಗೇ ನಿಂತು ಹಿಂಭಾಗ ಅರ್ಧ ಮೊಳ ಸರಿಯಿತು. ಅದೇ ಸಂಜೆ ಬಿಚ್ಚಿ ಎಸೆದೆ. ಹಿಂದಕ್ಕೆ ಕಂಪನಿ ಪ್ಯಾಡ್ ಬಿಟ್ಟು ಬೇರೇನೂ ಬೇಡ.

ನಿಲ್ಲುವ ದೂರ ಟೇಪು ಹಿಡಿದು ಅಳೆದೆ. ಎಂಬತ್ತರಿಂದ ಸೊನ್ನೆಗೆ ಮೊದಲು ಮೂವತ್ತೆರಡು ಮೀಟರ್ ಆಸುಪಾಸು, ಈಗ ಮೂವತ್ತೊಂದು. ಒಂದು ಸಲದ ಬ್ರೇಕಿನಲ್ಲಿ ಅಷ್ಟೇ, ಅದು ಟೈರಿನ ಮಿತಿ. ವ್ಯತ್ಯಾಸ ಗೊತ್ತಾಗುವುದು ಭಾರ ಹೇರಿ ಮೇಲಿಂದ ಮೇಲೆ ತುಳಿದಾಗ. ಚಿಂಚೋಳಿ ಕಾಡಿನ ಏರಿಳಿತದಲ್ಲಿ ಮೊದಲು ಪೆಡಲ್ ಕೊನೆಗೆ ಆಳಕ್ಕೆ ಹೋಗುತ್ತಿತ್ತು, ಈಗ ಮೊದಲ ತಿರುವಿನಲ್ಲಿ ಇದ್ದ ಎತ್ತರದಲ್ಲೇ ಕೊನೆಯ ತಿರುವಿನಲ್ಲೂ ಇರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ತೆಗೆದು ಡಾಟ್ 4 ಹಾಕಿದ್ದೂ ಇದಕ್ಕೆ ಕಾರಣ. ಹೊಸ ಆಯಿಲ್ ಕುದಿಯುವ ಮಟ್ಟ 205 ಡಿಗ್ರಿಯಿಂದ 230ಕ್ಕೆ ಏರುತ್ತದೆ. ಜೇವರ್ಗಿ ರೋಡಿನಲ್ಲಿ ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಕತ್ತಲಲ್ಲಿ ಎದುರಾದಾಗ ಪೆಡಲ್ ಕಾಲಿಗೆ ಗಟ್ಟಿ ಸಿಗುವುದರ ಬೆಲೆ ಆ ರೋಡಿನಲ್ಲಿ ಓಡಾಡುವವರಿಗೆ ಗೊತ್ತು.

ಈ ನಡುವೆ ಶಾಖ ಅಳೆಯುವ ಗನ್ ಒಂದು ತಂದೆ, ಹದಿನೈದು ನೂರು ರೂಪಾಯಿ. ಹೊಳೆಯುವ ಡಿಸ್ಕ್‌ಗೆ ನೇರ ಹಿಡಿದರೆ ಅದು ಕಮ್ಮಿ ತೋರಿಸುತ್ತದೆ. ಪ್ಯಾಡ್ ತಾಗದ ಅಂಚಿಗೆ ಸೈಲೆನ್ಸರ್‌ಗೆ ಹೊಡೆಯುವ ಕಪ್ಪು ಬಣ್ಣ ಬಳಿದು ಅಲ್ಲಿ ಹಿಡಿಯಬೇಕು. ಇಳಿಜಾರು ಮುಗಿದಾಗ ಮುಂದಿನವು 260-270 ಡಿಗ್ರಿ, ಹಿಂದಿನವು 140ರ ಸುಮಾರು. ಒಂದು ಹಿಂದಿನ ಗಾಲಿ ಇನ್ನೊಂದಕ್ಕಿಂತ ಮೂವತ್ತು ಡಿಗ್ರಿ ಹೆಚ್ಚಿದ್ದರೆ ಪಿನ್ ಹಿಡಿದಿದೆ ಅಂತಲೇ ಲೆಕ್ಕ. ಆ ಗನ್ ಹಿಡಿದು ರೇಡಿಯೇಟರ್, ಇಂಜೆಕ್ಟರ್, ಮನೆಯಲ್ಲಿ ರೊಟ್ಟಿ ಹಂಚು ಎಲ್ಲವನ್ನೂ ಅಳೆದಿದ್ದೇನೆ. ಹಂಚು ಡಿಸ್ಕ್‌ಗಿಂತ ಕಮ್ಮಿಯೇ. ಉಕ್ಕಿನ ಹೆಣಿಗೆಯ ಹೋಸ್ ಕೂಡ ಒಂದು ತಿಂಗಳು ಹಾಕಿ ನೋಡಿದೆ. ಹೊಸ ರಬ್ಬರ್ ಹೋಸ್‌ಗೂ ಅದಕ್ಕೂ ಕಾಲಿಗೆ ವ್ಯತ್ಯಾಸ ಸಿಗಲಿಲ್ಲ, ಹೆಣಿಗೆಯೊಳಗೆ ಎರಿ ಮಣ್ಣು ಕೂಡುತ್ತಿತ್ತು, ತೆಗೆದೆ. ಸೇಡಂ, ವಾಡಿ ಕಡೆ ಸಿಮೆಂಟ್ ಲಾರಿಗಳ ಹಿಂದೆ ಹೋಗಿ ಬಂದ ದಿನ ಹಿಂದಿನ ಡಿಸ್ಕ್ ಕಿರ್ ಅನ್ನುತ್ತದೆ. ನೀರು ಹೊಡೆದರೆ ಹೋಗುತ್ತದೆ.

ದುಡ್ಡಿನ ಲೆಕ್ಕ ನೆನಪಿನಿಂದ: ಮುಳುಗಿದ್ದು ಏಳು ಸಾವಿರ, ಆಕ್ಸಲ್ ಇಪ್ಪತ್ತಾರು, ಲಾರಿ ಒಂದೂವರೆ, ಡಿಸ್ಕ್ ಪ್ಯಾಡ್ ಸೇರಿ ಎಂಟರ ಹತ್ತಿರ, ಕಿಟ್‌ಗಳು ಎರಡೂವರೆ, ಆಯಿಲ್ ಹೋಸ್ ಚಿಲ್ಲರೆ ಎರಡು ಸಾವಿರ, ಚಾಚಾ ಬೇಡ ಬೇಡ ಅಂದರೂ ಕೊಟ್ಟದ್ದು ಐದು. ಹೆಣಿಗೆ ಹೋಸ್, ದುಬಾರಿ ಪ್ಯಾಡ್, ಗನ್ ಇವು ಶೋಕಿಯ ಖರ್ಚು, ಲೆಕ್ಕಕ್ಕೆ ಹಿಡಿದಿಲ್ಲ. ಹಳೆ ಬೀಮ್ ಡ್ರಮ್ ಸಮೇತ ನಾಲ್ಕು ಸಾವಿರಕ್ಕೆ ಹೋಯಿತು. ಕೈಬಿಟ್ಟದ್ದು ನಲವತ್ತೆಂಟು ಸಾವಿರದ ಆಸುಪಾಸು. ಮೊದಲೇ ಪೂರ್ತಿ ಆಕ್ಸಲ್‌ಗೆ ಕೈಹಾಕುವವನಿಗೆ ನಲವತ್ತರಲ್ಲಿ ಆಗುತ್ತದೆ.

ಇನ್ಶೂರೆನ್ಸ್ ಕಂಪನಿಗೆ ಬಿಲ್ಲು, ಫೋಟೊ ಸಮೇತ ಪತ್ರ ಬರೆದು ತಿಳಿಸಿ, ಮುಟ್ಟಿದ್ದಕ್ಕೆ ಸಹಿ ಪಡೆದಿಟ್ಟಿದ್ದೇನೆ. ನೀವೂ ಮಾಡಿ. ಸ್ಟೆಪ್ನಿಯನ್ನೂ ಒಮ್ಮೆ ಹಿಂದಿನ ಗಾಲಿಗೆ ಹಾಕಿ ತಿರುಗಿಸಿ ನೋಡಿ, ಪಂಕ್ಚರ್ ಆದ ರಾತ್ರಿ ಕ್ಯಾಲಿಪರ್‌ಗೆ ತಾಗುತ್ತದೆಂದು ಗೊತ್ತಾಗುವುದು ಬೇಡ. ಮೊನ್ನೆ ಮಳೆ ಮುಗಿದ ಮೇಲೆ ಗಾಲಿ ಬಿಚ್ಚಿ ನೋಡಿದೆ, ಹಿಂದಿನ ಪ್ಯಾಡ್ ಇನ್ನೂ ಮುಕ್ಕಾಲು ಭಾಗ ಉಳಿದಿದೆ, ಪಿನ್ ಬೆರಳಲ್ಲಿ ಸರಿಯುತ್ತದೆ. ಎಡಗಡೆಯ ಎರಡು ಕ್ಯಾಲಿಪರ್ ಇನ್ನೂ ನನ್ನ ಬಳಿಯೇ ಇವೆ, ಯಾರಿಗಾದರೂ ಎಡಗಡೆಯದ್ದು ಬೇಕಾದರೆ ಕೊಡುತ್ತೇನೆ.