ಡರಮ್‌ಗೆ ಹೊಸದಾಗಿ ಬಂದಿದ್ದೀರಾ? ಮೊದಲು ಗೋಡೆಗಳನ್ನು ನೋಡಿ

ಸೋಶಿಯಲ್ ಸೆಕ್ಯುರಿಟಿ ನಂಬರ್, ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್. ಇವನ್ನು ಇದೇ ಕ್ರಮದಲ್ಲಿ ಬೇಗ ಮುಗಿಸಿಕೊಳ್ಳಿ. ಸೋನಾ ಮಸೂರಿ, ಹುರುಳಿಕಾಳು, ತೆಂಗಿನಕಾಯಿ ಎಲ್ಲ ಪಕ್ಕದ ಊರುಗಳಾದ ಕ್ಯಾರಿ, ಮಾರಿಸ್‌ವಿಲ್‌ಗಳಲ್ಲಿ ಸಿಗುತ್ತವೆ, ಊರಿಂದ ಹೊತ್ತು ತರಬೇಡಿ. ಇದನ್ನೆಲ್ಲ ಹೇಳಿಕೊಡುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೆ ಯಾರೂ ಹೇಳಿಕೊಡದ, ನಾನೂ ಎಷ್ಟೋ ವರ್ಷ ಯಾರಿಗೂ ಹೇಳದ ಒಂದು ವಿಷಯ ಇದೆ. ಅದನ್ನು ಬರೆಯುತ್ತೇನೆ.

ನಾವು ಅಮೆರಿಕದ ನಾರ್ತ್ ಕ್ಯಾರೊಲೈನಾಕ್ಕೆ, ಡರಮ್ ಇರುವ ರಾಜ್ಯಕ್ಕೆ, ಬಂದ ಹೊಸತರಲ್ಲಿ ಹಿರಿಯರೊಬ್ಬರು ಊಟಕ್ಕೆ ಕರೆದಿದ್ದರು. ಒಳ್ಳೆಯ ಮನಸ್ಸಿನವರು. ಮನೆ ಎಲ್ಲಿ ಹುಡುಕಬೇಕು ಎಂದು ಕೇಳಿದ್ದಕ್ಕೆ, ‘ಡರಮ್‌ನಲ್ಲಿ ಫ್ರೀವೇ ಆಚೆ ಮಾತ್ರ ಹೋಗಬೇಡಿ, ಆ ಏರಿಯಾ ಸರಿ ಇಲ್ಲ’ ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ನಮ್ಮ ನಂತರ ಬಂದ ನಾಲ್ಕೈದು ಮನೆಯವರಿಗೆ ಅದೇ ಮಾತನ್ನು ನಾನೂ ದಾಟಿಸಿದೆ. ಒಂದು ದಿನವೂ ಅಲ್ಲಿ ಕಾಲಿಡದೆ ಹೇಳಿದೆ. ಇಲ್ಲಿಗೆ ಬಂದ ಮೇಲೆ ನಾನು ಮಾಡಿದ ದೊಡ್ಡ ತಪ್ಪು ಅದೇ.

ಎರಡನೆಯದು ಒಂದು ಫೋಟೋ. ಶನಿವಾರ ಫಾರ್ಮರ್ಸ್ ಮಾರ್ಕೆಟ್‌ಗೆ ಹೋದಾಗ ಫಾಸ್ಟರ್ ಸ್ಟ್ರೀಟ್‌ನ ಒಂದು ಗೋಡೆಯ ಮೇಲೆ ದೊಡ್ಡ ಮುಖದ ಚಿತ್ರ ಕಂಡಿತು. ಬಣ್ಣ ಬಣ್ಣದ್ದು. ಮಗಳನ್ನು ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆದೆ, ‘ಚೆಂದದ ಗೋಡೆ’ ಎಂದು ಬರೆದು ಎಲ್ಲರಿಗೂ ಕಳಿಸಿದೆ. ಆ ಮುಖ ಯಾರದ್ದು ಅಂತ ಓದಲೂ ಇಲ್ಲ. ಸೋಮವಾರ ಆಫೀಸಿನಲ್ಲಿ ಒಬ್ಬ ಕಪ್ಪು ಗೆಳತಿಗೂ ತೋರಿಸಿದೆ. ‘ಇವರು ಯಾರು ಗೊತ್ತಾ?’ ಎಂದು ಮೆತ್ತಗೆ ಕೇಳಿದಳು. ಗೊತ್ತಿರಲಿಲ್ಲ. ಮತ್ತೆ ಕೇಳಿದಳು, ‘ನೀನು ದಿನಾ ಫ್ರೀವೇ 147ರಲ್ಲಿ ಬರ್ತೀಯಲ್ಲ, ಅದರ ಕೆಳಗೆ ಏನಿತ್ತು ಗೊತ್ತಾ?’ ಅದೂ ಗೊತ್ತಿರಲಿಲ್ಲ. ಅವಳ ಅಜ್ಜಿಯ ಮನೆ ಅಲ್ಲೇ ಇತ್ತಂತೆ. ಆರು ವರ್ಷ ನಾನು ಆ ಮನೆಯ ಮೇಲೆ ಕಾರು ಓಡಿಸಿದ್ದೆ.

ಅಲ್ಲಿದ್ದ ಊರಿನ ಹೆಸರು ಹೇಟೈ. ಹೆಸರು ಬಂದದ್ದು ಹೈಟಿ ದೇಶದಿಂದ, ಆದರೆ ಇಲ್ಲಿಯವರು ‘ಹೇಟೈ’ ಅಂತಾರೆ, ನೀವೂ ಹಾಗೇ ಹೇಳಿ. ಗುಲಾಮಗಿರಿ ಮುಗಿದ ಮೇಲೆ ಕಪ್ಪು ಜನ ತಾವೇ ಕಟ್ಟಿಕೊಂಡ ಊರು. ಅಂಗಡಿ, ಥಿಯೇಟರ್, ಹೋಟೆಲ್, ಚರ್ಚು, ಆಸ್ಪತ್ರೆ, ಎಲ್ಲ ಅವರದ್ದೇ. 1960ರ ದಶಕದಲ್ಲಿ ‘ನಗರ ನವೀಕರಣ’ ಬಂತು. ಹೊಸ ಮನೆ, ಹೊಸ ಅಂಗಡಿ ಕಟ್ಟಿಕೊಡುತ್ತೇವೆ ಎಂದು ಹೇಳಿ ಹಳೆಯದನ್ನು ಕೆಡವಿದರು, ನಡುವೆ ಫ್ರೀವೇ ಹಾಯಿಸಿದರು. ಡರಮ್‌ನಲ್ಲಿ ಸುಮಾರು 4,000 ಮನೆಯವರು, 500ರಷ್ಟು ವ್ಯಾಪಾರಗಳು ಜಾಗ ಕಳೆದುಕೊಂಡವು. ಹೇಳಿದಷ್ಟನ್ನು ಕಟ್ಟಿಕೊಡಲಿಲ್ಲ. ನಾನು ಯಲ್ಲಾಪುರದ ಕಡೆಯವಳು. ನಮ್ಮಲ್ಲಿ ಮುಳುಗಡೆ ಅಂದರೆ ಮಕ್ಕಳಿಗೂ ಗೊತ್ತು. ಕಾಳಿ ನದಿಯ ಅಣೆಕಟ್ಟುಗಳಿಗೆ ಊರು ಬಿಟ್ಟವರು ನಮ್ಮ ನೆಂಟರಲ್ಲೇ ಇದ್ದಾರೆ. ಹೇಟೈದ್ದು ನೀರಿಲ್ಲದ ಮುಳುಗಡೆ. ‘ಆ ಏರಿಯಾ ಸರಿ ಇಲ್ಲ’ ಎಂದು ನಾನು ಹೇಳಿಕೊಂಡು ತಿರುಗಿದ್ದು ಮುಳುಗಡೆಯಲ್ಲಿ ಉಳಿದವರ ಬಗ್ಗೆ.

ಉಳಿದದ್ದರಲ್ಲಿ ಸೇಂಟ್ ಜೋಸೆಫ್ಸ್ ಚರ್ಚು ಒಂದು. 1891ರ ಇಟ್ಟಿಗೆ ಕಟ್ಟಡ. ಈಗ ಹೇಟೈ ಹೆರಿಟೇಜ್ ಸೆಂಟರ್. ಹೋದರೆ ಒಳಗೆ ನುಗ್ಗುವ ಮೊದಲು ರಸ್ತೆಯಲ್ಲೇ ನಿಂತು ಗೋಪುರದ ತುದಿ ನೋಡಿ. ಶಿಲುಬೆ ಇರಬೇಕಾದ ಜಾಗದಲ್ಲಿ ಕಬ್ಬಿಣದ ಒಂದು ಚಿತ್ತಾರ ಇದೆ. ಅದು ‘ವೇವೇ’. ಹೈಟಿಯ ಜನ ವೂಡೂ ಪೂಜೆಯಲ್ಲಿ ದೇವತೆಯನ್ನು ಕರೆಯಲು ಜೋಳದ ಹಿಟ್ಟನ್ನು ಬೆರಳ ಸಂದಿಯಿಂದ ಉದುರಿಸಿ ನೆಲದ ಮೇಲೆ ಬಿಡಿಸುವ ಗುರುತು. ಮಗಳು ತಲೆ ಎತ್ತಿ ನೋಡಿ, ‘ಅಮ್ಮ, ರಂಗೋಲಿ!’ ಎಂದಳು. ನನಗೆ ಕಣ್ಣಲ್ಲಿ ನೀರು ಬಂತು.

ಗೋಡೆಯ ಮೇಲಿದ್ದವರು ಪಾಲಿ ಮರ್ರಿ. 1910ರಲ್ಲಿ ಹುಟ್ಟಿದ್ದು ಬಾಲ್ಟಿಮೋರ್‌ನಲ್ಲಿ, ಬೆಳೆದದ್ದು ಇಲ್ಲಿ, ಅಜ್ಜ 1898ರಲ್ಲಿ ಕಟ್ಟಿದ ಮನೆಯಲ್ಲಿ. ನಮ್ಮ ಮಕ್ಕಳು ಸೇರಲು ಹಗಲೂ ರಾತ್ರಿ ಓದುತ್ತಾರಲ್ಲ, ಚಾಪೆಲ್ ಹಿಲ್‌ನ ಯುಎನ್‌ಸಿ, ಅದು 1938ರಲ್ಲಿ ಕಪ್ಪು ಬಣ್ಣದ ಕಾರಣಕ್ಕೆ ಇವರನ್ನು ಸೇರಿಸಿಕೊಳ್ಳಲಿಲ್ಲ. 1940ರಲ್ಲಿ ವರ್ಜೀನಿಯಾದ ಬಸ್ಸಿನಲ್ಲಿ ಹಿಂದಿನ ಮುರಿದ ಸೀಟಿಗೆ ಹೋಗಲು ಒಪ್ಪದೆ ಗೆಳತಿಯ ಜೊತೆ ಜೈಲು ಸೇರಿದರು. ಗಾಂಧೀಜಿಯ ಸತ್ಯಾಗ್ರಹದ ಬಗ್ಗೆ ಓದಿಕೊಂಡಿದ್ದರು, ಜೈಲಿನಲ್ಲಿ ಅದನ್ನೇ ನಡೆಸಲು ನೋಡಿದರು. ಆಮೇಲೆ ವಕೀಲರಾದರು. 1964ರ ನಾಗರಿಕ ಹಕ್ಕುಗಳ ಕಾಯ್ದೆಯಲ್ಲಿ ಕೆಲಸದ ಜಾಗದಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದು ಎಂಬ ಮಾತು ಉಳಿಯಲು ಇವರು ಬರೆದುಕೊಟ್ಟ ವಾದವೂ ಒಂದು ಕಾರಣ. ಇಲ್ಲಿ ಕೆಲಸಕ್ಕೆ ಹೋಗುವ ಪ್ರತಿಯೊಬ್ಬ ಕನ್ನಡದ ಹೆಣ್ಣುಮಗಳೂ ಇದನ್ನು ತಿಳಿದಿರಬೇಕು.

ಇನ್ನೊಂದು. 1965ಕ್ಕೆ ಮೊದಲು ಭಾರತದಿಂದ ಇಲ್ಲಿ ನೆಲೆಸಲು ಬರುವವರಿಗೆ ಇದ್ದ ಕೋಟಾ ವರ್ಷಕ್ಕೆ 100. ನಾಗರಿಕ ಹಕ್ಕುಗಳ ಹೋರಾಟ ತಂದ ಗಾಳಿಯಲ್ಲೇ ಆ ವರ್ಷದ ವಲಸೆ ಕಾಯ್ದೆ ಬಂತು, ಬಾಗಿಲು ತೆರೆಯಿತು. ನಾವು ಬುದ್ಧಿ ಇದೆ, ಓದಿದ್ದೇವೆ, ಅದಕ್ಕೇ ಬಂದೆವು ಅಂದುಕೊಂಡಿರುತ್ತೇವೆ. ಬಾಗಿಲು ತಳ್ಳಿದವರು ಬೇರೆಯವರು.

ಮಕ್ಕಳನ್ನು ಕರೆದುಕೊಂಡು ಹೋಗಿ. ಭಾನುವಾರ ಬೆಳಗ್ಗೆ ದೇವಸ್ಥಾನ ಮುಗಿಸಿ ಹೊರಟರೆ ಅರ್ಧ ಗಂಟೆಯೂ ಬೇಡ. ಪಾಲಿ ಮರ್ರಿ ಇರುವ ಗೋಡೆಗಳು ವೆಸ್ಟ್ ಎಂಡ್ ಕಡೆಯೂ ಇವೆ. ಬ್ರೆಟ್ ಕುಕ್ ಎಂಬ ಕಲಾವಿದ ಊರಿನ ಜನರನ್ನೇ ಕೂಡಿಸಿಕೊಂಡು 2007ರಿಂದ ಒಟ್ಟು 14 ಚಿತ್ರ ಮಾಡಿದರು. ಕ್ಯಾರೊಲ್ ಸ್ಟ್ರೀಟ್‌ನಲ್ಲಿ ಪಾಲಿ ಮರ್ರಿ ಬೆಳೆದ ಮನೆಯೇ ಇದೆ, 2024ರಲ್ಲಿ ಜನರಿಗೆ ತೆರೆಯಿತು. ಅದೇ ವರ್ಷ ಬಂದ ಒಂದು ಕ್ವಾರ್ಟರ್ ನಾಣ್ಯದಲ್ಲೂ ಅವರಿದ್ದಾರೆ. ‘ಹೋಪ್’ ಎಂಬ ಅಕ್ಷರಗಳ ಒಳಗಿಂದ ಕನ್ನಡಕದ ಮುಖ ನೋಡುತ್ತದೆ. ಲಾಂಡ್ರಿ ಚಿಲ್ಲರೆಯಲ್ಲಿ ಹುಡುಕಿ, ಸಿಗುತ್ತದೆ. ಮಾರಿಸ್ ಸ್ಟ್ರೀಟ್‌ನಲ್ಲಿ 2015ರ ನಾಗರಿಕ ಹಕ್ಕುಗಳ ದೊಡ್ಡ ಚಿತ್ರ ಇದೆ. ಪ್ಯಾರಿಶ್ ಸ್ಟ್ರೀಟ್ ‘ಕಪ್ಪು ವಾಲ್ ಸ್ಟ್ರೀಟ್’. ಗುಲಾಮರಾಗಿ ಹುಟ್ಟಿ ಕ್ಷೌರದ ಅಂಗಡಿ ಇಟ್ಟಿದ್ದ ಜಾನ್ ಮೆರಿಕ್, ವೈದ್ಯ ಆರನ್ ಮೂರ್ ಮುಂತಾದವರು 1898ರಲ್ಲಿ ಶುರು ಮಾಡಿದ ವಿಮಾ ಕಂಪನಿ ಬೆಳೆದ ಬೀದಿ. ಫೋಟೋ ತೆಗೆಯಿರಿ, ಬೇಡ ಅನ್ನುವುದಿಲ್ಲ. ಮೊದಲು ಹೆಸರು ಓದಿ.

ನನ್ನನ್ನು ಕಲಕಿದ್ದು ಮಾತ್ರ ಚಿತ್ರವೂ ಇಲ್ಲದ, ಕಟ್ಟಡವೂ ಇಲ್ಲದ ಒಂದು ಜಾಗ. ರಾಕ್ಸ್‌ಬರೋ ಸ್ಟ್ರೀಟ್‌ನ ಮೂಲೆಯಲ್ಲಿ ಒಂದು ಫಲಕ ಅಷ್ಟೇ. ಅಲ್ಲಿ ರಾಯಲ್ ಐಸ್‌ಕ್ರೀಮ್ ಅಂಗಡಿ ಇತ್ತು. ಬಿಳಿಯರಿಗೊಂದು ಭಾಗ, ಕಪ್ಪು ಜನರಿಗೊಂದು ಭಾಗ, ನಡುವೆ ತಡೆ. 1957ರ ಜೂನ್ 23, ಭಾನುವಾರ, ಪಾದ್ರಿ ಡಗ್ಲಸ್ ಮೂರ್ ಮತ್ತು ಆರು ಜನ ಬಿಳಿಯರ ಭಾಗದಲ್ಲಿ ಹೋಗಿ ಕುಳಿತರು. ಪೊಲೀಸರು ಹಿಡಿದರು, ಕೋರ್ಟು ದಂಡ ಹಾಕಿತು. ಇತಿಹಾಸದ ಪುಸ್ತಕಗಳಿಗೆ ಸೇರಿದ, ಇದೇ ರಾಜ್ಯದ ಗ್ರೀನ್ಸ್‌ಬರೋದಲ್ಲಿ ಹೀಗೇ ಕುಳಿತು ನಡೆಸಿದ ಪ್ರತಿಭಟನೆಗಿಂತ ಎರಡೂವರೆ ವರ್ಷ ಮೊದಲು.

ಮಗಳು ಕೇಳಿದಳು, ‘ನಮ್ಮೂರಲ್ಲಿ ಹೀಗೆ ಇರಲಿಲ್ಲ ಅಲ್ವಾ?’

ನಮ್ಮ ಅಡಿಕೆ ತೋಟದ ಕೆಲಸಕ್ಕೆ ಒಬ್ಬ ಸಿದ್ದಿ ಹೆಂಗಸು ಬರುತ್ತಿದ್ದಳು. ಗುಂಗುರು ಕೂದಲು, ಹಣೆಗೆ ದೊಡ್ಡ ಕುಂಕುಮ, ನನಗಿಂತ ಚೆನ್ನಾಗಿ ಕೊಂಕಣಿ, ಕನ್ನಡ ಎರಡೂ. ಅವಳ ಪೂರ್ವಿಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದಿದ್ದರು, ತಪ್ಪಿಸಿಕೊಂಡವರು ನಮ್ಮ ಕಾಡು ಸೇರಿದರು ಎಂಬುದನ್ನು ನಾನು ಓದಿದ್ದು ಇಲ್ಲಿ ಕುಳಿತು. ಅವಳ ಚಾ ಲೋಟ ಬೇರೆ ಇತ್ತು. ಸ್ಟೀಲಿನದ್ದು, ಅಂಚು ನೆಗ್ಗಿದ್ದು. ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಇಡುತ್ತಿದ್ದೆವು. ಕುಡಿದು ತಾನೇ ತೊಳೆದು ಅಲ್ಲೇ ಕವುಚಿ ಹಾಕುತ್ತಿದ್ದಳು. ಅಜ್ಜಿ ಎತ್ತರದಿಂದ ಚಾ ಹೊಯ್ಯುತ್ತಿದ್ದರು. ನನಗೆ ಹತ್ತು ವರ್ಷ ಇದ್ದಾಗ ಒಂದೆರಡು ಸಲ ನಾನೂ ಹೊಯ್ದಿದ್ದೇನೆ, ಹಾಗೇ ಎತ್ತರದಿಂದ.

ಎಲ್ಲವನ್ನೂ ಮಗಳಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ, ‘ಅವರ ಹೆಸರೇನು?’

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ‘ಈಗ್ಯಾಕೆ ಅದು? ಅಜ್ಜಿಗೆ ಗೊತ್ತಿತ್ತು’ ಎಂದರು. ಅಜ್ಜಿ ಹೋಗಿ ಹನ್ನೊಂದು ವರ್ಷ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವಳ ಮೊಮ್ಮಗ ಯಲ್ಲಾಪುರದಲ್ಲಿ ಆಟೋ ಓಡಿಸ್ತಾನಂತೆ. ಅಣ್ಣನ ಹತ್ತಿರ ಕೇಳಿಸ್ತೇನೆ’ ಎಂದರು. ಭಾನುವಾರ ಊರಿಗೆ ಮಾತಾಡಿ ಫೋನ್ ಇಟ್ಟ ಕೂಡಲೇ ಮಗಳು ಬಂದು ನಿಲ್ಲುತ್ತಾಳೆ, ಹೆಸರು ಸಿಕ್ಕಿತಾ ಎಂದು ಕೇಳಲು.